ಬೀಗದ ಕಪಾಟಿನ ಕೀ ನನ್ನ ಕೈಗೆ ಬಂದಾಗ

ನರ್ಸಿಂಗ್ ಓದುವಾಗ ಫಾರ್ಮಕಾಲಜಿಯಲ್ಲಿ ನಾನು ಮೊದಲ ಸಲ ಫೇಲಾಗಿದ್ದೆ. ಓದಿರಲಿಲ್ಲ ಅಂತಲ್ಲ, ಜಾಸ್ತಿಯೇ ಓದಿದ್ದೆ. ಒಂದೊಂದು ಔಷಧಿಯನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಿದ್ದೆ. ಪರೀಕ್ಷೆಗೆ ಕೂತಾಗ ಎಲ್ಲವೂ ಕಲಸಿಹೋಯಿತು.

ಎರಡನೇ ಸಲಕ್ಕೆ ಹೆಸರುಗಳ ಬಾಲ ಹಿಡಿದುಕೊಂಡೆ. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್. ಕೊನೆಗೆ 'ಓಲಾಲ್' ಬಂದರೆ ಬೀಟಾ ಬ್ಲಾಕರ್, ಅಂದರೆ ಹೃದಯದ ಬಡಿತ ನಿಧಾನಿಸುವ ಗುಂಪು, ಕೊಡುವ ಮೊದಲು ನಾಡಿ ನೋಡು. 'ಪ್ರಿಲ್' ಬಂದರೆ ರಕ್ತದೊತ್ತಡ ಇಳಿಸುವ ಔಷಧಿ, ಬಿಪಿ ನೋಡು, ಒಣಕೆಮ್ಮು ಇದೆಯಾ ಕೇಳು, ಪೊಟ್ಯಾಷಿಯಂ ರಿಪೋರ್ಟ್ ಹುಡುಕು. 'ಅಜೆಪಾಮ್', 'ಅಜೋಲಾಮ್' ಬಂದರೆ ಮಂಪರು ನೋಡು, ಉಸಿರಾಟ ನೋಡು. ಈ ಬಾಲಗಳು ಸುಮ್ನೆ ಬಂದವಲ್ಲ. ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ಔಷಧಿಗಳ ಜೆನೆರಿಕ್ ಹೆಸರುಗಳ, ಅಂದರೆ ಕಂಪನಿ ಯಾವುದಾದರೂ ಬದಲಾಗದ ಮೂಲ ಹೆಸರುಗಳ ಪಟ್ಟಿ ಹೊರಡಿಸುತ್ತಾ ಬಂದಿದೆ. ಒಂದೇ ಗುಂಪಿನವಕ್ಕೆ ಒಂದೇ ಬಾಲ ಇರುವುದು ಅದರಿಂದಲೇ. ಬ್ರಾಂಡ್ ಹೆಸರಿಗೆ ಈ ಅನುಕೂಲ ಇಲ್ಲ. ಹಾಗಾಗಿ ನಾನು ಈಗಲೂ ಆರ್ಡರ್ ಓದುವಾಗ ಜೆನೆರಿಕ್ ಹೆಸರನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ.

ಬಾಲ ನಂಬಿ ಕೆಡುವುದೂ ಉಂಟು. ನಿಸ್ಟಾಟಿನ್ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಅಲ್ಲ, ಫಂಗಸ್‌ಗೆ ಕೊಡುವುದು. ಅರಿಪಿಪ್ರಜೋಲ್ ಹೊಟ್ಟೆಯ ಆಮ್ಲದ ಮಾತ್ರೆ ಅಲ್ಲ, ಮಾನಸಿಕ ಕಾಯಿಲೆಯದು. ಈ ಎರಡನ್ನೂ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೆ.

ಪಾಸಾದೆ. ವಾರ್ಡಿಗೆ ಬಂದೆ. ಅಲ್ಲಿ ಇನ್ನೊಂದು ವಿಂಗಡಣೆ ಕಾದಿತ್ತು.

ಪುಸ್ತಕದಲ್ಲಿ ಔಷಧಿಯ ಗುಂಪು ಅಂದರೆ ಅದು ಮೈಯಲ್ಲಿ ಏನು ಮಾಡುತ್ತದೆ ಅನ್ನುವುದು. ವಾರ್ಡಿನಲ್ಲಿ ಮೊದಲು ಬರುವ ಪ್ರಶ್ನೆ ಬೇರೆ: ಇದು ಬೀಗದ ಒಳಗಿನದೋ ಹೊರಗಿನದೋ? ಬೀಗ ಬೀಳುವುದು ಕಾನೂನಿನಿಂದ. 1961ರಲ್ಲಿ ಮಾದಕ ಔಷಧಿಗಳ ಬಗ್ಗೆ, 1971ರಲ್ಲಿ ಮನಸ್ಸಿನ ಮೇಲೆ ಕೆಲಸ ಮಾಡುವ ಔಷಧಿಗಳ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದಗಳಾದವು. ಅವುಗಳ ಮೇಲೆ ಒಂದೊಂದು ದೇಶ ತನ್ನದೇ ಪಟ್ಟಿ ಕಟ್ಟಿಕೊಂಡಿದೆ. ಪಟ್ಟಿಗಳು ಒಂದಕ್ಕೊಂದು ಹೊಂದಬೇಕು ಅಂತೇನಿಲ್ಲ. ಅಮೆರಿಕದಲ್ಲಿ ಹೆರಾಯಿನ್ ಮೊದಲನೇ ಶೆಡ್ಯೂಲ್‌ನಲ್ಲಿದೆ, ಅಂದರೆ ಚಿಕಿತ್ಸೆಗೆ ಬಳಕೆಯೇ ಇಲ್ಲದ ವಸ್ತು. ಅದೇ ವಸ್ತುವನ್ನು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಡಯಾಮಾರ್ಫಿನ್ ಅನ್ನುವ ಹೆಸರಿನಲ್ಲಿ ನೋವಿಗೆ ಕೊಡುತ್ತಾರೆ. ಟ್ರಮಡಾಲ್ ಬಹಳ ಕಾಲ ಬೇರೆ ನೋವಿನ ಔಷಧಿಗಳ ಜೊತೆ ತೆರೆದ ಟ್ರಾಲಿಯಲ್ಲೇ ಓಡಾಡುತ್ತಿತ್ತು. ಅಮೆರಿಕ 2014ರಲ್ಲಿ, ಭಾರತ 2018ರಲ್ಲಿ ಅದನ್ನು ನಿಯಂತ್ರಣದ ಪಟ್ಟಿಗೆ ಸೇರಿಸಿದವು. ಹಿಂದಿನ ದಿನಕ್ಕೂ ಮರುದಿನಕ್ಕೂ ಆಂಪೂಲಿನ, ಅಂದರೆ ಇಂಜೆಕ್ಷನ್ನಿನ ಪುಟ್ಟ ಗಾಜಿನ ಸೀಸೆಯ ಒಳಗಿದ್ದ ದ್ರವ ಒಂದೇ, ಅಲ್ವಾ? ಬದಲಾಗಿದ್ದು ಅದು ಎಷ್ಟು ಕೈತಪ್ಪಿ ಹೋಗುತ್ತಿದೆ ಅನ್ನುವ ಲೆಕ್ಕ. ಕದ್ದು ಹೋಗುವ, ಚಟವಾಗುವ ಅಪಾಯಕ್ಕೆ ಬೀಗ. ರೋಗಿಯ ಜೀವಕ್ಕೆ ಇರುವ ಅಪಾಯದ ಪಟ್ಟಿ ಬೇರೆಯೇ ಇದೆ. ಇದು ನನ್ನ ತಲೆಗೆ ಹೋಗಲು ವರ್ಷಗಳು ಬೇಕಾದವು.

ಕೀ ನನ್ನ ಕೈಗೆ ಬಂದ ಮೊದಲ ವಾರದ ಕತೆ ಹೇಳುತ್ತೇನೆ. ರಾತ್ರಿ ಡ್ಯೂಟಿ. ಸಂಜೆಯ ಸಿಸ್ಟರ್‌ಗೆ ಮನೆಗೆ ಹೋಗುವ ಅವಸರ. "ಎಲ್ಲ ಸರಿ ಇದೆ ಕಣೇ, ಮಾರ್ಫಿನ್ ಹನ್ನೊಂದು," ಅಂದರು. ಮಾರ್ಫಿನ್ ಅಂದರೆ ಜೋರು ನೋವಿಗೆ ಕೊಡುವ, ಬೀಗದ ಒಳಗಿಡುವ ಔಷಧಿ. ನಾನು ಕಪಾಟು ತೆಗೆಯದೆಯೇ ಸಹಿ ಹಾಕಿದೆ. ಮಧ್ಯರಾತ್ರಿ ಎರಡು ಗಂಟೆಗೆ ಒಬ್ಬ ರೋಗಿಗೆ ಡೋಸ್ ಬೇಕಾಯಿತು. ಬಾಕ್ಸ್ ತೆಗೆದು ನೋಡಿದರೆ 10 ಎಂಜಿ ಆಂಪೂಲ್ ಹತ್ತೇ ಇವೆ. ಮತ್ತೆ ಎಣಿಸಿದೆ. ಹತ್ತೇ. ಬಾಕ್ಸನ್ನು ತಲೆಕೆಳಗು ಮಾಡಿದೆ, ಕಪಾಟಿನ ಮೂಲೆಗೆ ಟಾರ್ಚ್ ಬಿಟ್ಟೆ. ಕೈಕಾಲು ತಣ್ಣಗಾದವು. ಸಹಿ ನನ್ನದು, ಕೀ ನನ್ನ ಜೇಬಿನಲ್ಲಿ.

ನೈಟ್ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಅವರು ಹೇಳಿದ್ದು ಎರಡೇ ಮಾತು. "ಏನನ್ನೂ ತಿದ್ದಬೇಡ. ಬಂದೆ." ಬಂದವರು ಮೊದಲು, ನೋವಿನಲ್ಲಿದ್ದ ರೋಗಿಗೆ ಡೋಸ್ ಕೊಡಿಸಿದರು. ಆಮೇಲೆ ರಿಜಿಸ್ಟರ್ ಎಳೆದುಕೊಂಡು ಕೂತರು. ನಮ್ಮಲ್ಲಿ ಪ್ರತಿ ಔಷಧಿಗೆ, ಅದರಲ್ಲೂ ಪ್ರತಿ ಸ್ಟ್ರೆಂತ್‌ಗೆ ಒಂದೊಂದು ಪುಟ. ಅವರು 10 ಎಂಜಿಯ ಪುಟ ಬಿಟ್ಟು 15 ಎಂಜಿಯದನ್ನು ತೆಗೆದರು. ಅಲ್ಲಿ ಬಾಕಿ ಮೂರು ಅಂತ ಬರೆದಿತ್ತು, ಕಪಾಟಿನಲ್ಲಿ ನಾಲ್ಕಿತ್ತು. ಸಂಜೆ ತೆಗೆದ ಆಂಪೂಲನ್ನು ಬೇರೆ ಪುಟದಲ್ಲಿ ಬರೆದಿದ್ದಾರೆ, ಅಷ್ಟೇ.

ನನಗೆ ಉಸಿರು ಬಂತು. ಅವರಿಗೆ ಬರಲಿಲ್ಲ. "ಸಂಜೆಯ ಆ ರೋಗಿಗೆ ಹೋಗಿದ್ದು ಎಷ್ಟು?" ಅಂತ ಕೇಳಿದರು. ನಾನು ಲೆಕ್ಕ ಸರಿಹೋಯಿತಲ್ಲ ಅಂತ ಖುಷಿಯಲ್ಲಿದ್ದೆ. ಅವರು ಹಾಸಿಗೆಯ ಕಡೆ ಯೋಚಿಸುತ್ತಿದ್ದರು. 10ರ ಆಂಪೂಲನ್ನು 15ರದು ಅಂದುಕೊಂಡು ಅಳೆದಿದ್ದರೆ ಡೋಸ್ ಕಡಿಮೆ ಹೋಗಿರುತ್ತದೆ. ಉಲ್ಟಾ ಆಗಿದ್ದರೆ ಜಾಸ್ತಿ. ಸಂಜೆಯ ಸಿಸ್ಟರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರು, ಕೇಸ್ ಶೀಟ್ ನೋಡಿದರು, ಹೋಗಿ ರೋಗಿಯನ್ನೂ ನೋಡಿ ಬಂದರು. ಡೋಸ್ ಸರಿಯಾಗಿತ್ತು, ಪುಟ ಮಾತ್ರ ತಪ್ಪು. ತಪ್ಪಾದ ಸಾಲು ಓದಲು ಬರುವ ಹಾಗೆಯೇ ಉಳಿಯಿತು. ಕೆಳಗೆ ಹೊಸ ಸಾಲು, ಕಾರಣ, ಸಮಯ, ಇಬ್ಬರ ಸಹಿ. ವೈಟ್ನರ್ ಹಚ್ಚಿದ ರಿಜಿಸ್ಟರ್ ಕಳ್ಳನ ರಿಜಿಸ್ಟರ್ ಅಂತ ಅವರು ಹೇಳುತ್ತಿದ್ದರು. ಅವತ್ತಿನಿಂದ ನಾನು ಆಂಪೂಲ್‌ಗಳನ್ನು ಬೆರಳಿನಿಂದ ಮುಟ್ಟಿ ಎಣಿಸುತ್ತೇನೆ. ಸೀಲ್ ಇರುವ ಬಾಕ್ಸನ್ನೂ ತಿರುಗಿಸಿ ತಳ ನೋಡುತ್ತೇನೆ. ಕೆಲವರಿಗೆ ಇದು ಅತಿ ಅನ್ನಿಸುತ್ತದೆ. ಅನ್ನಿಸಲಿ.

ಎಣಿಕೆಗಿಂತ ಸೂಕ್ಷ್ಮವಾದದ್ದು ಉಳಿಕೆ. ಆರ್ಡರ್ 4 ಎಂಜಿ ಅಂದುಕೊಳ್ಳಿ, ಆಂಪೂಲ್ 10 ಎಂಜಿಯದು. ಆಂಪೂಲಿನ ಕತ್ತಿಗೆ ಮೆಲ್ಲಗೆ ತಟ್ಟಿ ಮೇಲಿದ್ದ ದ್ರವ ಇಳಿಸುತ್ತೇನೆ, ಗಾಜ್ ಸುತ್ತಿ ಮುರಿಯುತ್ತೇನೆ. 1 ಎಂಎಲ್ ಎಳೆದು, ಸಲೈನ್ ಸೇರಿಸಿ 10 ಎಂಎಲ್ ಮಾಡುತ್ತೇನೆ. ಈಗ 1 ಎಂಎಲ್‌ಗೆ 1 ಎಂಜಿ. ಸಿರಿಂಜ್ ಕೈಬಿಡುವ ಮೊದಲೇ ಲೇಬಲ್. 4 ಎಂಎಲ್ ರೋಗಿಗೆ, ನಿಧಾನವಾಗಿ. ಉಳಿದ 6 ಎಂಎಲ್ ಅನ್ನು ಯಾರೂ ಮತ್ತೆ ಬಳಸಲಾಗದ ಹಾಗೆ ವಿಲೇವಾರಿ ಮಾಡಬೇಕು. ಇನ್ನೊಬ್ಬರು ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿ ಸಹಿ ಹಾಕಬೇಕು.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಒಬ್ಬ ಸೀನಿಯರ್ ಇದ್ದರು. ಒಳ್ಳೆಯ ನರ್ಸ್. ಸಿಗದ ವೇನ್, ಅಂದರೆ ಸೂಜಿ ಹಾಕುವ ರಕ್ತನಾಳ, ಅವರ ಕೈಗೆ ಸಿಗುತ್ತಿತ್ತು. "ಚೆಲ್ಲಿದ್ದೀನಿ, ಸೈನ್ ಹಾಕು ಮಾರಾಯ್ತಿ," ಅಂತ ರಿಜಿಸ್ಟರ್ ಹಿಡಿದು ಬರುತ್ತಿದ್ದರು. ಹಾಕುತ್ತಿದ್ದೆ. ಅಂಥವರನ್ನು ಅನುಮಾನಿಸುವುದಾ? ನಮ್ಮ ಕಣ್ಣ ಮುಂದೆಯೇ ಸುಳಿವುಗಳಿದ್ದವು. ಬೇರೆಯವರ ರೋಗಿಗಳಿಗೂ ನಾನೇ ಇಂಜೆಕ್ಷನ್ ಕೊಡುತ್ತೇನೆ ಅಂತ ಮುಂದೆ ಬರುತ್ತಿದ್ದರು. ಅವರ ಡ್ಯೂಟಿಯಲ್ಲಿ ಆಂಪೂಲ್ ಒಡೆಯುವುದು ಜಾಸ್ತಿ. ಚಾರ್ಟಿನಲ್ಲಿ ಪೂರ್ತಿ ಡೋಸ್ ಇರುತ್ತಿತ್ತು, ರೋಗಿ ಮಾತ್ರ ಬೆಳಗಾದರೂ ನರಳುತ್ತಿದ್ದ. ಕೊನೆಗೆ ವಿಚಾರಣೆ ಆಯಿತು. ಬೆನ್ನುನೋವಿಗೆ ಅಂತ ಶುರುವಾಗಿದ್ದು ಬಿಡಿಸಲಾಗದ ಚಟವಾಗಿತ್ತು. ಚೆಲ್ಲಬೇಕಿದ್ದ ಉಳಿಕೆ ಅವರ ಮೈಗೇ ಹೋಗುತ್ತಿತ್ತು. ನಾಲ್ಕು ಸಾಲುಗಳ ಪಕ್ಕ ನನ್ನ ಸಹಿ ಇತ್ತು. "ನೀವು ನೋಡಿದಿರಾ?" ಅಂತ ಕೇಳಿದಾಗ ಹೌದು ಅಂದರೆ ಸುಳ್ಳು, ಇಲ್ಲ ಅಂದರೆ ನಾನು ಬರೆದದ್ದು ಸುಳ್ಳು.

ಇಲ್ಲ ಅಂದೆ. ಮೆಮೊ ಸಿಕ್ಕಿತು. ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಇನ್ನೊಂದು. ಮೊದಲನೇ ಸಲವೇ "ತನ್ನಿ ಅಕ್ಕ, ನನ್ನ ಮುಂದೆ ಚೆಲ್ಲಿ" ಅಂದಿದ್ದರೆ ಅವರಿಗೆ ಬೇಗ ಚಿಕಿತ್ಸೆ ಸಿಗುತ್ತಿತ್ತೇನೋ. ಈಗ ನನಗಿಂತ ಹಿರಿಯರು ಕೇಳಿದರೂ ನೋಡದೆ ಸಹಿ ಇಲ್ಲ. ಮುನಿಸಿಕೊಂಡವರಿದ್ದಾರೆ.

ಇಷ್ಟೆಲ್ಲ ಕಾಗದದ ಮಾತಾಯಿತು. ಔಷಧಿ ರಕ್ತಕ್ಕೆ ಹೋದ ಮೇಲೆ ರಿಜಿಸ್ಟರ್ ಉಪಯೋಗಕ್ಕೆ ಬರುವುದಿಲ್ಲ.

ಆಪರೇಷನ್ ಆಗಿ ಬಂದ ಒಬ್ಬರಿಗೆ ಮಾರ್ಫಿನ್ ನಡೆಯುತ್ತಿತ್ತು. ನಿದ್ದೆ ಬರುತ್ತಿಲ್ಲ ಅಂತ ರಾತ್ರಿ ಮಿಡಜೋಲಾಮ್ ಕೂಡ ಸೇರಿತ್ತು. ಒಂದು ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ನೋವಿನ ಔಷಧಿ; ಒಂದು ಬೆಂಜೊಡಯಜಪೀನ್, ಅಂದರೆ ಮಂಪರು ತರಿಸುವ ಔಷಧಿ. ಪುಸ್ತಕದಲ್ಲಿ ಇವೆರಡು ಬೇರೆ ಬೇರೆ ಅಧ್ಯಾಯ, ಉಸಿರು ಕುಗ್ಗಿಸುವುದರಲ್ಲಿ ಮಾತ್ರ ಜೊತೆಗಾರರು. ನಾನು ರೌಂಡ್ಸ್ ಹೋದಾಗ ಆಕ್ಸಿಜನ್ ಹಾಕಿದ್ದರಿಂದ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, 97 ತೋರಿಸುತ್ತಿತ್ತು. ಚೆನ್ನಾಗಿದೆ ಅಂತ ಮುಂದೆ ಹೋಗಬಹುದಿತ್ತು. ಸ್ಯಾಚುರೇಷನ್ ಬೀಳುವುದು ತಡವಾಗಿ, ಅದರಲ್ಲೂ ಆಕ್ಸಿಜನ್ ಇದ್ದಾಗ. ಮೊದಲು ಬರುವುದು ಮಂಪರು. ಕರೆದೆ, ಕಣ್ಣು ಅರ್ಧ ತೆರೆದು ಮಾತಿನ ಮಧ್ಯೆಯೇ ಮತ್ತೆ ಜಾರಿದರು. ಎದೆಯ ಮೇಲೆ ಕೈ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿದೆ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿ ಇಲ್ಲಿ ಬೇಡ. ನಿಮಿಷಕ್ಕೆ ಏಳೇ ಉಸಿರು. ಟಾರ್ಚ್ ಬಿಟ್ಟರೆ ಪಾಪೆ ಸೂಜಿಮೊನೆಯಷ್ಟು.

ಜೊತೆಯವಳಿಗೆ ಡಾಕ್ಟರನ್ನು ಕರೆಯಲು ಹೇಳಿ, ಗದ್ದ ಎತ್ತಿ ಹಿಡಿದು, ಉಸಿರಾಡಿ ಅಂತ ಜೋರಾಗಿ ಹೇಳುತ್ತಲೇ ಇದ್ದೆ. ಹೇಳಿದಾಗ ಒಂದು ಉಸಿರು ತೆಗೆದುಕೊಳ್ಳುತ್ತಿದ್ದರು. ಡಾಕ್ಟರ್ ನಲೊಕ್ಸೋನ್ ಅಂದರು, ಮಾರ್ಫಿನ್‌ನ ಪರಿಣಾಮ ತಿರುಗಿಸುವ ಔಷಧಿ. 0.4 ಎಂಜಿಯನ್ನು 10 ಎಂಎಲ್ ಮಾಡಿ, ಒಂದೊಂದೇ ಎಂಎಲ್ ಕೊಟ್ಟೆವು. ಒಂದೇ ಸಲಕ್ಕೆ ಪೂರ್ತಿ ತಳ್ಳಿದರೆ ಉಸಿರಿನ ಜೊತೆ ನೋವೂ ಪೂರ್ತಿ ವಾಪಸ್ ಬರುತ್ತದೆ. ಮೂರನೇ ಎಂಎಲ್‌ಗೆ ಕಣ್ಣು ಬಿಟ್ಟರು, ಉಸಿರು 12ಕ್ಕೆ ಬಂತು. ಎಲ್ಲರೂ ನಿರಾಳ. ನಾನು ಕುರ್ಚಿ ಎಳೆದು ಹಾಸಿಗೆಯ ಪಕ್ಕ ಕೂತೆ. ನಲೊಕ್ಸೋನ್ ಮಾರ್ಫಿನ್‌ಗಿಂತ ಬೇಗ ಇಳಿಯುತ್ತದೆ. ಮುಕ್ಕಾಲು ಗಂಟೆಗೆ ಮತ್ತೆ ತೂಕಡಿಕೆ ಶುರುವಾಯಿತು, ಇನ್ನೆರಡು ಎಂಎಲ್ ಬೇಕಾಯಿತು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಅದನ್ನು ನಿದ್ದೆ ಅಂದುಕೊಳ್ಳುತ್ತಿದ್ದರು.

ಬೀಗದ ಹೊರಗಿನ ಪಟ್ಟಿಯ ಬಗ್ಗೆ ಹೇಳಿದೆನಲ್ಲ. ಪೊಟ್ಯಾಷಿಯಂ ಕ್ಲೋರೈಡ್‌ಗೆ ಚಟವಾಗುವವರಿಲ್ಲ, ಕದಿಯುವವರಿಲ್ಲ. ಆದರೆ ನೀರು ಬೆರೆಸದೆ ನೇರ ವೇನ್‌ಗೆ ತಳ್ಳಿದರೆ ಹೃದಯ ನಿಲ್ಲುತ್ತದೆ, ಅದನ್ನು ತಿರುಗಿಸುವ ನಲೊಕ್ಸೋನ್ ಥರದ್ದು ಯಾವುದೂ ಇಲ್ಲ. ಇನ್ಸುಲಿನ್, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಹೆಪಾರಿನ್ ಕೂಡ ಜೀವಕ್ಕೆ ಅಪಾಯದ ಈ ಪಟ್ಟಿಯವೇ. ನಮ್ಮ ವಾರ್ಡಿನಲ್ಲಿ ಸಾಂದ್ರ ಪೊಟ್ಯಾಷಿಯಂ ಸಲೈನ್ ಆಂಪೂಲ್‌ಗಳ ಪಕ್ಕದಲ್ಲೇ ಇರುತ್ತಿತ್ತು. ಕೈ ತಪ್ಪಿದರೆ ಮುಗಿಯಿತು. ನಾನು ಇನ್‌ಚಾರ್ಜ್ ಆದ ಮೇಲೆ ಮಾಡಿದ ಮೊದಲ ಕೆಲಸ ಅದನ್ನು ವಾರ್ಡಿನಿಂದಲೇ ಹೊರಗೆ ಹಾಕಿಸಿದ್ದು. ಬೇಕಾದಾಗ ಫಾರ್ಮಸಿಯಿಂದ ಬೆರೆಸಿದ ಬಾಟಲಿಯೇ ಬರುತ್ತದೆ.

ಇನ್ನು ಇದರ ಇನ್ನೊಂದು ತುದಿ, ಬೀಗಕ್ಕೆ ಹೆದರಿ ಔಷಧಿಯನ್ನೇ ಕೊಡದಿರುವುದು. ಇದರಲ್ಲಿ ನಾನೂ ತಪ್ಪಿತಸ್ಥೆ. ಎಲುಬಿಗೆ ಹರಡಿದ ಕ್ಯಾನ್ಸರಿನ ಒಬ್ಬ ಹಿರಿಯರಿದ್ದರು. ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ ಅಂತ ಆರ್ಡರ್. ನಾನು ಅವರು ಕೇಳುವವರೆಗೆ ಕಾಯುತ್ತಿದ್ದೆ. ಅವರ ಮಗ ಬೇರೆ, "ಚಟ ಆಗಿಬಿಡುತ್ತೆ ಸಿಸ್ಟರ್, ಕಡಿಮೆ ಮಾಡಿ," ಅನ್ನುತ್ತಿದ್ದ. ನೋವಿನ ವಿಭಾಗದ ಡಾಕ್ಟರ್ ಬಂದು ಚಾರ್ಟ್ ನೋಡಿ ನನ್ನ ಕಡೆ ತಿರುಗಿದರು. "ಗಡಿಯಾರ ನೋಡಿ ಕೊಡಿ ಸಿಸ್ಟರ್, ಮುಖ ನೋಡಿ ಅಲ್ಲ." ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಹೇಳಿದ್ದ ಮಾತು ಅದು, ಬಾಯಿಯ ಮೂಲಕ, ಗಡಿಯಾರದ ಪ್ರಕಾರ. ಮಗನನ್ನು ಕೂರಿಸಿಕೊಂಡು ಹೇಳಿದೆ. ಮೈ ಔಷಧಿಗೆ ಹೊಂದಿಕೊಳ್ಳುವುದು ಬೇರೆ, ನಿಲ್ಲಿಸಿದಾಗ ನಡುಕ ಬರುವುದು ಬೇರೆ, ಕೆಡುಕು ಗೊತ್ತಿದ್ದೂ ಅದರ ಹಿಂದೆ ಓಡುವ ಚಟ ಬೇರೆ. ಮಲ ಸಡಿಲಿಸುವ ಔಷಧಿಯನ್ನೂ ಮೊದಲ ದಿನದಿಂದಲೇ ಬರೆಸಿದೆ. ಮಾರ್ಫಿನ್‌ನ ವಾಕರಿಕೆ, ಮಂಪರು ದಿನ ಕಳೆದಂತೆ ಕಡಿಮೆಯಾಗುತ್ತವೆ, ಮಲಬದ್ಧತೆ ಮಾತ್ರ ಬಿಡುವುದಿಲ್ಲ.

ಎರಡು ದಿನ ಹತ್ತು, ಎರಡು, ಆರು ಅಂತ ಗಡಿಯಾರ ಹಿಡಿದೇ ಕೊಟ್ಟೆ. ಮೂರನೇ ರಾತ್ರಿ ಎರಡು ಗಂಟೆಗೆ ಮಾತ್ರೆ ಹಿಡಿದು ಹೋದೆ. ಅಷ್ಟು ದಿನ ದಿಂಬಿಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದವರು ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದರು. ಬೆನ್ನಿನ ಕಡೆಯಿಂದಲೇ ಒಂದು ನಿಮಿಷ ಎಣಿಸಿದೆ. ಹದಿನಾಲ್ಕು. ಭುಜ ಮುಟ್ಟಿ ಕರೆದೆ. ಪೂರ್ತಿ ಕಣ್ಣು ಬಿಟ್ಟು, "ಆಗಲೇ ಎರಡಾಯಿತಾ?" ಅಂತ ಕೇಳಿದರು.