ಗ್ರಾಮ ಸಭೆ: ಗಲಾಟೆಗೆ ಎಡೆಯಿಲ್ಲದಂತೆ, ಎಲ್ಲರ ಮಾತೂ ದಾಖಲಾಗುವಂತೆ ನಡೆಸುವುದು ಹೇಗೆ

ಗ್ರಾಮ ಸಭೆಯಲ್ಲಿ ಗಲಾಟೆ ಎದ್ದರೆ ಎಲ್ಲರೂ ದೂರುವುದು ಕೂಗಾಡಿದವರನ್ನು. ಆದರೆ ಹಿಂದಿನ ಸಭೆಗೆ ಬಂದಿದ್ದವರನ್ನು ವಿಚಾರಿಸಿದರೆ ಅದೇ ಚರಂಡಿ, ಅದೇ ಬೀದಿ ದೀಪ, ಅದೇ ಮನೆ ಪಟ್ಟಿಯ ಮಾತು ಆಗಲೂ ಬಂದಿರುತ್ತದೆ. ಮೆಲ್ಲಗೆ ಕೇಳಿದಾಗ ಯಾರೂ ಬರೆದುಕೊಳ್ಳಲಿಲ್ಲ, ಈಗ ಜೋರಾಗಿ ಕೇಳುತ್ತಿದ್ದಾರೆ. ಸಭೆ ಹಿಡಿತದಲ್ಲಿರಬೇಕಾದರೆ ಕೇಳಿದ ಪ್ರತಿ ಪ್ರಶ್ನೆಗೂ ಒಂದು ನಂಬರು, ಉತ್ತರ ಕೊಡಬೇಕಾದವರ ಹೆಸರು ಮತ್ತು ಒಂದು ತಾರೀಕು ಬೀಳಬೇಕು. ಮಿಕ್ಕ ಏರ್ಪಾಡೆಲ್ಲ ಇದಕ್ಕಾಗಿಯೇ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ ಪ್ರಕಾರ ಕನಿಷ್ಠ 6 ತಿಂಗಳಿಗೊಮ್ಮೆ ಗ್ರಾಮ ಸಭೆ ಸೇರಬೇಕು. ಮತದಾರರ ಪಟ್ಟಿಯಲ್ಲಿರುವ ಎಲ್ಲರೂ ಅದರ ಸದಸ್ಯರೇ. ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ) ಬೇಕು, ಹಾಜರಾದವರಲ್ಲಿ ಶೇ. 30ಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕು. ಬಾಗಿಲಲ್ಲಿ ಸಹಿ ಹಾಕಿ ಹೊರಟುಹೋದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಶುರುವಿನಲ್ಲಿ ಒಮ್ಮೆ, ನಿರ್ಣಯ ಓದುವ ಮೊದಲು ಇನ್ನೊಮ್ಮೆ ತಲೆ ಎಣಿಸಿ ಎರಡೂ ಅಂಕಿ ನಡಾವಳಿಯಲ್ಲಿ, ಅಂದರೆ ಸಭೆಯ ದಾಖಲೆ ಪುಸ್ತಕದಲ್ಲಿ, ಬರೆಯಿಸಿ. ಕೋರಂ ಇಲ್ಲವಾದರೆ ಸಭೆ ಮುಂದೂಡುವುದೇ ಸರಿ. ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡರೆ ಆ ಸಭೆಯ ಒಂದು ನಿರ್ಣಯವನ್ನೂ ಜನ ನಂಬುವುದಿಲ್ಲ.

ವಾರ ಮೊದಲಿನ ಕೆಲಸ

ವಾರ್ಡ್ ಸಭೆಗಳು ಮುಗಿಯದೆ ಗ್ರಾಮ ಸಭೆ ಕರೆಯಬಾರದು. ಬೀದಿ ನಲ್ಲಿ, ಕಸ, ದೀಪದಂಥ ವಿಷಯ ವಾರ್ಡಿನಲ್ಲೇ ಚರ್ಚೆಯಾಗಿ ಪಟ್ಟಿಯಾಗಿ ಬಂದರೆ ದೊಡ್ಡ ಸಭೆಯಲ್ಲಿ ಮುಖ್ಯ ವಿಷಯಕ್ಕೆ ಸಮಯ ಉಳಿಯುತ್ತದೆ. ತಾರೀಕು ಗೊತ್ತು ಮಾಡುವಾಗ ಸಂತೆ ದಿನ, ಊರ ಜಾತ್ರೆ, ಬಿತ್ತನೆಯ ಭರಾಟೆ ತಪ್ಪಿಸಿ. ದೇವಸ್ಥಾನದ ಒಳಾಂಗಣ ಬೇಡ. ಕೆಲವರು ಹೊರಗೇ ನಿಲ್ಲಬೇಕಾದ ಜಾಗದಲ್ಲಿ ಗ್ರಾಮ ಸಭೆ ಆಗುವುದೇ ಇಲ್ಲ. ಶಾಲೆ ಮೈದಾನ ಅಥವಾ ಸಮುದಾಯ ಭವನ ಸಾಕು.

ವಾಟ್ಸಾಪಿನಲ್ಲಿ ಹಾಕಿ ಸುಮ್ಮನಾದರೆ ಸುದ್ದಿ ಗಂಡಸರ ಫೋನಿನಲ್ಲೇ ಉಳಿಯುತ್ತದೆ. ಕನಿಷ್ಠ 7 ದಿನ ಮುಂಚೆ ಹಾಲಿನ ಡೇರಿ, ಅಂಗನವಾಡಿ, ನ್ಯಾಯಬೆಲೆ ಅಂಗಡಿಯಲ್ಲಿ ನೋಟಿಸ್ ಅಂಟಿಸಿ. ಹಿಂದಿನ ಸಂಜೆ ಡಂಗುರ ಸಾರಿಸಿ ಅಥವಾ ಆಟೋಗೆ ಮೈಕ್ ಕಟ್ಟಿ ಕೂಗಿಸಿ. ನೋಟಿಸಿನಲ್ಲಿ ‘ಅಭಿವೃದ್ಧಿ ಕಾಮಗಾರಿಗಳ ಚರ್ಚೆ’ ಎಂದಷ್ಟೇ ಬರೆದರೆ ಯಾರೂ ಬರುವುದಿಲ್ಲ. ಯಾವ ಬೀದಿ, ಯಾವ ಕೆಲಸ, ಎಷ್ಟು ರೂಪಾಯಿ ಎಂದು ಬರೆಯಿರಿ.

ಚೀಟಿ ಮತ್ತು ಮೂರು ಕಟ್ಟು

ಸಭೆಗೆ ಒಂದು ಗಂಟೆ ಮೊದಲು ಬಾಗಿಲ ಬಳಿ ಮೇಜು ಹಾಕಿ. ಅರ್ಧ ಹಾಳೆಯ ಚೀಟಿಯಲ್ಲಿ ಹೆಸರು, ವಾರ್ಡ್, ಪ್ರಶ್ನೆ ಇಷ್ಟೇ ಇರಲಿ. ಬರೆಯಲು ಬಾರದವರಿಗೆ ಬರೆದುಕೊಡಲು ಕಾಲೇಜು ಓದುವ ಇಬ್ಬರನ್ನು ಕೂರಿಸಿ. ಬರೆದದ್ದನ್ನು ಅವರಿಗೇ ಓದಿ ಹೇಳಿ ‘ಸರಿ’ ಅನ್ನಿಸಿಕೊಂಡ ಮೇಲೆ ನಂಬರು ಹಾಕಬೇಕು.

ಬಂದ ಚೀಟಿಗಳನ್ನು ಮೂರು ಕಟ್ಟು ಮಾಡಿ: ಪಂಚಾಯಿತಿಯೇ ಉತ್ತರಿಸಬೇಕಾದವು, ಇಲಾಖೆಗಳು ಉತ್ತರಿಸಬೇಕಾದವು, ಒಬ್ಬರ ಖಾತೆ, ಪಿಂಚಣಿ, ಇ-ಸ್ವತ್ತಿಗೆ (ಆಸ್ತಿಯ ಆನ್‌ಲೈನ್ ದಾಖಲೆ) ಸಂಬಂಧಿಸಿದವು. ಮೂರನೆಯ ಕಟ್ಟು ಮೈಕಿನ ಮುಂದೆ ಬರಬೇಕಿಲ್ಲ. ಬಿಲ್ ಕಲೆಕ್ಟರ್ ಮತ್ತು ಡಾಟಾ ಎಂಟ್ರಿ ಆಪರೇಟರ್ ಪಕ್ಕದ ಮೇಜಿನಲ್ಲಿ ದಾಖಲೆ ನೋಡಿ ಅಲ್ಲೇ ಉತ್ತರ ಕೊಡಲಿ. ಇದೊಂದು ಮಾಡಿದರೂ ಸಭೆಯ ಒತ್ತಡ ಎಷ್ಟೋ ಇಳಿಯುತ್ತದೆ. ಚೀಟಿ ಕೊಡದವರೂ ಕೇಳಬಹುದು, ಚೀಟಿಯವರ ಸರದಿ ಮುಗಿದ ಮೇಲೆ.

ಸಮಯ ಹಂಚುವುದು

ಬೆಳಗ್ಗೆ 11ರಿಂದ ಮಧ್ಯಾಹ್ನ 2 ಎಂದರೆ 180 ನಿಮಿಷ. ಹಿಂದಿನ ಸಭೆಯ ಅನುಪಾಲನಾ ವರದಿಗೆ (ಆಗ ತೀರ್ಮಾನಿಸಿದ್ದರಲ್ಲಿ ಏನೇನು ಆಯಿತು ಎಂಬ ಲೆಕ್ಕ) 20, ಜನರ ಪ್ರಶ್ನೆಗೆ 100, ಇಲಾಖೆಗಳ ಮಾಹಿತಿಗೆ 40, ನಿರ್ಣಯ ಓದಲು 20. ಒಂದು ಪ್ರಶ್ನೆಗೆ ಉತ್ತರವೂ ಸೇರಿ 3 ನಿಮಿಷ ಹಿಡಿದರೆ 33 ಪ್ರಶ್ನೆ ಮುಗಿಯುತ್ತವೆ.

ಸಾಮಾನ್ಯವಾಗಿ ಆಗುವುದು ಇದರ ತಿರುಗುಮುರುಗು. ಕೃಷಿ, ಆರೋಗ್ಯ, ಪಶುಪಾಲನೆ ಎಂದು ಒಬ್ಬರಾದ ಮೇಲೊಬ್ಬರು ಯೋಜನೆಗಳ ಪಟ್ಟಿ ಓದುತ್ತಾರೆ, ಓದಿದವರು ಜೀಪು ಹತ್ತುತ್ತಾರೆ, ಜನರ ಸರದಿ ಬರುವಷ್ಟರಲ್ಲಿ ಉತ್ತರಿಸುವವರೂ ಇಲ್ಲ, ಹಾಲು ಕರೆಯಬೇಕಾದ ಹೆಂಗಸರೂ ಇಲ್ಲ. ಇಲಾಖೆಯ ಸರದಿ ಕೊನೆಗಿಟ್ಟರೆ ಅಧಿಕಾರಿಗಳು ಕೂತಿರುತ್ತಾರೆ. ತಲಾ 5 ನಿಮಿಷ, ಕರಪತ್ರ ಇದ್ದರೆ ಹಂಚಲಿ.

ಮೈಕ್ ಯಾರ ಕೈಯಲ್ಲಿ

ಎರಡು ಮೈಕ್ ಬೇಕು, ವೇದಿಕೆಗೊಂದು, ಜನರಿಗೊಂದು. ಜನರ ಮೈಕನ್ನು ಸ್ವಯಂಸೇವಕರೇ ಹಿಡಿದಿರಲಿ; ಕೇಳುವವರ ಕೈಗೆ ಕೊಟ್ಟರೆ ವಾಪಸ್ ಪಡೆಯುವಾಗಲೇ ಜಗಳ ಶುರುವಾಗುತ್ತದೆ. ಮೂರರಲ್ಲಿ ಒಂದು ಸರದಿ ಮಹಿಳೆಯರದು. ಅವರು ಹಿಂದಿನ ಸಾಲಿನಲ್ಲಿದ್ದರೆ ಮೈಕ್ ಅಲ್ಲಿಗೇ ಹೋಗಬೇಕು, ಅವರನ್ನು ಮುಂದಕ್ಕೆ ಕರೆಯಬೇಡಿ.

ಸಭೆ ನಡೆಸುವವರು ಅಧ್ಯಕ್ಷರು, ಅವರಿಲ್ಲದಿದ್ದರೆ ಉಪಾಧ್ಯಕ್ಷರು. ಅಧ್ಯಕ್ಷೆಯ ಗಂಡನಿಗೆ ವೇದಿಕೆಯಲ್ಲಿ ಕುರ್ಚಿ ಇರಬಾರದು. ಅವರು ಊರಿನ ಮತದಾರರಾಗಿ ಕೆಳಗೆ ಕೂತು, ಸರದಿಯಲ್ಲಿ ಮಾತಾಡಲಿ. ಪ್ರಶ್ನೆ ಅಧ್ಯಕ್ಷರ ಮೇಲೇ ಬಂದರೆ ಅದು ಮುಗಿಯುವವರೆಗೆ ಮೈಕಿನ ಸರದಿಯನ್ನು ಸಭೆಯ ಉಸ್ತುವಾರಿಗೆ ನೇಮಕವಾದ ನೋಡಲ್ ಅಧಿಕಾರಿ ನೋಡಿಕೊಳ್ಳುವುದು ಒಳ್ಳೆಯದು.

ಆರೋಪ ಬಂದಾಗ

‘ನಮ್ಮ ಬೀದಿ ಚರಂಡಿ ದುಡ್ಡು ಮೆಂಬರ್ ತಿಂದ!’ ಎಂದು ಒಬ್ಬರು ಎದ್ದು ಕೂಗಿದರೆ ‘ಕೂತ್ಕೊಳ್ಳಿ’ ಎನ್ನಬೇಡಿ, ಮೆಂಬರಿಗೂ ಕೂಡಲೇ ಮೈಕ್ ಕೊಡಬೇಡಿ. ‘ಯಾವ ಬೀದಿ ಅಣ್ಣ, ಯಾವ ವರ್ಷದ ಕೆಲಸ?’ ಎಂದು ಕೇಳಿ. ಆಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ), ‘ಪಿಡಿಒ ಅವರೇ, ಆ ಕಾಮಗಾರಿಯ ಫೈಲ್ ತೆಗೀರಿ.’ ಅಂದಾಜು ಪಟ್ಟಿಯಲ್ಲಿರುವ ಉದ್ದ, ಅಳತೆ ಪುಸ್ತಕದಲ್ಲಿರುವ ಉದ್ದ, ಬಿಲ್ ಆದ ಮೊತ್ತ, ಈ ಮೂರನ್ನು ಓದಿಸಿ. ಇಷ್ಟಕ್ಕಾಗಿ ಚಾಲ್ತಿ ವರ್ಷದ ಮತ್ತು ಹಿಂದಿನ ವರ್ಷದ ಫೈಲುಗಳು ಸಭೆಯ ಜಾಗದಲ್ಲೇ ಇರಬೇಕು. ‘ಆಫೀಸಲ್ಲಿದೆ, ಆಮೇಲೆ ನೋಡೋಣ’ ಎಂದ ಕ್ಷಣವೇ ಜನ ಅನುಮಾನ ಖಚಿತ ಎಂದುಕೊಳ್ಳುತ್ತಾರೆ.

ನಡಾವಳಿಯಲ್ಲಿ ಹೀಗೆ ಬರೆಯಬೇಕು: ‘ಪ್ರಶ್ನೆ 14. 2ನೇ ವಾರ್ಡ್, ಶಾಲೆ ಹಿಂದಿನ ಚರಂಡಿ. ದಾಖಲೆಯಲ್ಲಿ 120 ಮೀಟರ್, ಸ್ಥಳದಲ್ಲಿ ಅಷ್ಟಿಲ್ಲ ಎಂದು ದೂರು. ಇಂಜಿನಿಯರ್ ಮತ್ತು ವಾರ್ಡಿನ ಮೂವರು ಇದೇ ತಿಂಗಳ 20ರಂದು ಬೆಳಗ್ಗೆ 10ಕ್ಕೆ ಅಳೆಯುವುದು.’ ‘ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂಬ ವಾಕ್ಯದಿಂದ ಒಂದು ಮೀಟರ್ ಚರಂಡಿಯೂ ಆಗುವುದಿಲ್ಲ.

ಹಣದ ಆರೋಪ ಎಷ್ಟು ಕಟುವಾಗಿದ್ದರೂ ತಡೆಯಬಾರದು, ಸಭೆ ಇರುವುದೇ ಅದಕ್ಕೆ. ತಡೆಯಬೇಕಾದದ್ದು ಮನೆಯ ವಿಷಯ ಎತ್ತುವುದು, ಹೆಂಗಸರ ಬಗ್ಗೆ ಹಗುರ ಮಾತು, ಜಾತಿ ಹಿಡಿದು ಬಯ್ಯುವುದು. ಮೊದಲೆರಡಕ್ಕೆ ಒಮ್ಮೆ ಎಚ್ಚರಿಕೆ, ಮತ್ತೆ ಹಾಗೇ ಆದರೆ ಆ ದಿನದ ಮಟ್ಟಿಗೆ ಮೈಕ್ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕವಾಗಿ ಜಾತಿ ಹೆಸರು ಹಿಡಿದು ಬಯ್ಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅದನ್ನು ‘ಊರವರೇ ಕೂತು ಸರಿಮಾಡಿಕೊಳ್ಳೋಣ’ ಎಂದು ಮುಚ್ಚಬಾರದು. ಆಡಿದ ಮಾತು, ಹೊತ್ತು, ಸಾಕ್ಷಿಗಳ ಹೆಸರು ನೋಡಲ್ ಅಧಿಕಾರಿ ಬರೆದಿಡಲಿ.

ಮನೆ ಪಟ್ಟಿ

ಅತಿ ಹೆಚ್ಚು ಕಾವೇರುವುದು ವಸತಿ ಫಲಾನುಭವಿಗಳ ಆಯ್ಕೆಯಲ್ಲಿ. ಆಯ್ಕೆಯಾದ ಹೆಸರಷ್ಟೇ ಓದಿದರೆ ಉಳಿದವರಿಗೆ ಕಾರಣ ತಿಳಿಯದೆ ಪಕ್ಷ, ಜಾತಿ, ನೆಂಟಸ್ತನ ಎಂಬ ಮಾತು ಹುಟ್ಟುತ್ತದೆ. ಅರ್ಜಿ ಹಾಕಿದ ಪ್ರತಿಯೊಬ್ಬರ ಹೆಸರು ಓದಿ, ಬಿಟ್ಟುಹೋದವರಿಗೆ ಕಾರಣ ಹೇಳಿ: ಪಕ್ಕಾ ಮನೆ ಇದೆ, ನಿವೇಶನ ದಾಖಲೆ ಇಲ್ಲ, ಹಿಂದೆ ಮನೆ ಮಂಜೂರಾಗಿದೆ. ಆಕ್ಷೇಪಣೆ ಬಂದ ಹೆಸರನ್ನು ಗುರುತು ಮಾಡಿ, ಸ್ಥಳ ನೋಡಿ ಬರುವ ದಿನ ಅಲ್ಲೇ ಹೇಳಿ.

ಪುಸ್ತಕ ಮುಚ್ಚುವ ಮೊದಲು

ನಿರ್ಣಯಗಳನ್ನು ಜನರೆದುರೇ ಬರೆದು, ಮೈಕಿನಲ್ಲಿ ಓದಿ, ಕೊನೆಯ ಸಾಲಿನ ಕೆಳಗೆ ಅಡ್ಡಗೆರೆ ಎಳೆದು ಸಹಿ ಮಾಡಿ. ನಡುವೆ ಖಾಲಿ ಜಾಗ ಬಿಟ್ಟ ಪುಸ್ತಕದಲ್ಲಿ ಆಮೇಲೆ ಸಭೆಗೇ ಬಾರದ ಕಾಮಗಾರಿಗಳು ಸೇರಿಕೊಳ್ಳುತ್ತವೆ. ಪುಟಗಳ ಫೋಟೋವನ್ನು ಅಲ್ಲೇ ಊರ ವಾಟ್ಸಾಪ್ ಗುಂಪಿಗೆ ಹಾಕಿ, ಒಂದು ಪ್ರತಿಯನ್ನು ಮಾರನೆಯ ದಿನ ಸೂಚನಾ ಫಲಕಕ್ಕೆ ಅಂಟಿಸಿ. ಸಮಯ ಸಾಲದೆ ಉಳಿದ ಚೀಟಿಗಳಿಗೆ 30 ದಿನದೊಳಗೆ ಪಿಡಿಒ ಸಹಿಯ ಉತ್ತರ ಕೇಳಿದವರ ಮನೆಗೆ ತಲುಪಬೇಕು. ಯಾರಿಗೆ ತಲುಪಿಲ್ಲವೋ ಅವರ ಚೀಟಿ ನಂಬರು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಮೊದಲು ಬರಲಿ.