ಲಂಕೆಯ ಹಕ್ಕಿ ನೋಡಬೇಕೆ? ಮೊದಲು ತೋಟದ ಹಕ್ಕಿ ಕಲಿಯಿರಿ

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿ. ಚಿಕ್ಕಮಗಳೂರಿನಿಂದ ಬೆಂಗಳೂರಿನ ವಿಮಾನ ನಿಲ್ದಾಣ ಮುಟ್ಟುವುದಕ್ಕೇ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕು. ಅಷ್ಟು ಹತ್ತಿರದಲ್ಲಿರುವ, ವಿಸ್ತೀರ್ಣದಲ್ಲಿ ಕರ್ನಾಟಕದ ಮೂರನೇ ಒಂದರಷ್ಟಿರುವ ಶ್ರೀಲಂಕಾದಲ್ಲಿ ಜಗತ್ತಿನ ಬೇರೆಲ್ಲೂ ಸಿಗದ 30ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಕೆಲವನ್ನು ಪ್ರತ್ಯೇಕ ಜಾತಿ ಎನ್ನಬೇಕೋ ಬೇಡವೋ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಹಾಗಾಗಿ ಈ ಸಂಖ್ಯೆ ಪಟ್ಟಿಯಿಂದ ಪಟ್ಟಿಗೆ ತುಸು ಏರುಪೇರಾಗುತ್ತದೆ.

ಈ ಹಕ್ಕಿಗಳಿಗಾಗಿಯೇ ಯುರೋಪಿನಿಂದ ಜನ ಗುಂಪು ಗುಂಪಾಗಿ ಬರುತ್ತಾರೆ. ಅವರಿಗೆ ಇಲ್ಲದ ಅನುಕೂಲವೊಂದು ಹಾಸನ, ಚಿಕ್ಕಮಗಳೂರಿನವರಿಗೆ ಇದೆ. ಲಂಕೆಯ ಎಂಡೆಮಿಕ್, ಅಂದರೆ ಅಲ್ಲಿಗೇ ಸೀಮಿತವಾದ, ಹಕ್ಕಿಗಳಲ್ಲಿ ಹಲವಕ್ಕೆ ಒಡಹುಟ್ಟುಗಳು ನಮ್ಮ ಕಾಫಿ ತೋಟದ ಮರಗಳಲ್ಲೇ ಇವೆ. ಇವನ್ನು ಚೆನ್ನಾಗಿ ಬಲ್ಲವರಿಗೆ ಅಲ್ಲಿನ ಕಾಡಿನಲ್ಲಿ ಅರ್ಧ ಪಾಠ ಮೊದಲೇ ಆಗಿರುತ್ತದೆ. ಆದ್ದರಿಂದ ಪ್ರವಾಸದ ತಯಾರಿಯನ್ನು ಪಾಸ್‌ಪೋರ್ಟಿನಿಂದ ಶುರು ಮಾಡುವುದಕ್ಕಿಂತ ತೋಟದಿಂದ ಶುರು ಮಾಡುವುದು ಒಳ್ಳೆಯದು.

ಮೊದಲ ಹೆಜ್ಜೆ: ಮನೆಯ ಸುತ್ತ ಮೂರು ತಿಂಗಳು

8x42 ದುರ್ಬೀನು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮುಂಗಾಜಿನದು, ಒಂದಿದ್ದರೆ ಸಾಕು. ಹೆಚ್ಚು ದೊಡ್ಡದಾಗಿ ಕಾಣುತ್ತದೆಂದು 10x ಕೊಳ್ಳಬೇಡಿ. ಮಳೆಕಾಡಿನ ಮಬ್ಬಿನಲ್ಲಿ ಅದು ಕೈ ನಡುಕವನ್ನೂ ದೊಡ್ಡದು ಮಾಡುತ್ತದೆ, ನೋಟದ ಹರವೂ ಕಿರಿದಾಗುತ್ತದೆ. ಬೆಳಗ್ಗೆ ಆರೂವರೆಯಿಂದ ಒಂಬತ್ತರವರೆಗೆ ತೋಟದಲ್ಲಿ ಓಡಾಡಿ. ರಜೆ ಸಿಕ್ಕಾಗ ಮುತ್ತೋಡಿ, ಕೆಮ್ಮಣ್ಣುಗುಂಡಿಗೆ ಹೋಗಿ. ಹಾಸನದವರಾದರೆ ಬಿಸಿಲೆ ಘಾಟಿಗೆ.

ಹೂಬಿಟ್ಟ ಹಾಲುವಾಣದ ಮರಕ್ಕೆ ಬರುವ ಚಿಟ್ಟುಗಿಳಿಯನ್ನು ದುರ್ಬೀನಿನಲ್ಲಿ ಹಿಡಿದು ನೋಡಿ. ಹೆಚ್ಚುಕಡಿಮೆ ಗುಬ್ಬಚ್ಚಿಯಷ್ಟೇ ಗಾತ್ರ. ಮೈಯೆಲ್ಲ ಎಲೆಹಸಿರು, ಬೆನ್ನ ಕೆಳಭಾಗ ಮಾತ್ರ ಕಡುಗೆಂಪು. ತಲೆ ಮಾತ್ರ ಹಸಿರೇ. ಇದನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಲಂಕೆಯ ಚಿಟ್ಟುಗಿಳಿಯ ನೆತ್ತಿ ಕೆಂಪಾಗಿರುತ್ತದೆ. ಹಾಗೆಯೇ ಇಲ್ಲಿನ ಮಲಬಾರ್ ಕುಟ್ರು ಹಕ್ಕಿಗೆ ಮುಖದಿಂದ ಗಂಟಲವರೆಗೂ ಕೆಂಪು. ಅಲ್ಲಿನದಕ್ಕೆ ಹಣೆಯಷ್ಟೇ ಕೆಂಪು, ಗಂಟಲು ಹಳದಿ, ಕೆನ್ನೆ ನೀಲಿ. ನಮ್ಮ ಬೂದು ಕಾಡುಕೋಳಿಯ ಹುಂಜವನ್ನು ರಸ್ತೆ ಬದಿಯಲ್ಲಿ ಎಲ್ಲರೂ ಕಂಡಿರುತ್ತಾರೆ. ಲಂಕೆಯ ರಾಷ್ಟ್ರಪಕ್ಷಿಯಾದ ಕಾಡುಕೋಳಿಯ ಹುಂಜಕ್ಕೆ ಮೈ ಕೆಂಗಿತ್ತಳೆ, ಕೆಂಪು ಜುಟ್ಟಿನ ನಡುವೆ ಹಳದಿ ಪಟ್ಟೆ. ಮಂಗಟ್ಟೆ, ಕಾಡುಪಾರಿವಾಳ, ನೀಲಿ ರೆಕ್ಕೆಯ ಗಿಳಿ, ಸಿಳ್ಳಾರ ಎಲ್ಲಕ್ಕೂ ಹೀಗೇ ಆಚೆ ದಡದಲ್ಲಿ ಒಂದೊಂದು ಜೊತೆ ಇದೆ.

ಹೀಗೇಕೆ ಎಂಬುದು ಗೊತ್ತಿದ್ದರೆ ನೋಡುವ ಸೊಗಸು ಹೆಚ್ಚುತ್ತದೆ. ಸುಮಾರು 20,000 ವರ್ಷಗಳ ಹಿಂದೆ, ಕಳೆದ ಹಿಮಯುಗದ ತುತ್ತತುದಿಯಲ್ಲಿ, ಸಮುದ್ರಮಟ್ಟ ಈಗಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಪಾಕ್ ಜಲಸಂಧಿ ಆಗ ಒಣನೆಲ. ಆನೆ, ಚಿರತೆಗಳು ನಡೆದೇ ದಾಟಬಹುದಿತ್ತು. ಆದರೆ ಆ ನೆಲದ ಎರಡೂ ಬದಿಗೆ ಇದ್ದದ್ದು ಕುರುಚಲು ಒಣಸೀಮೆ. ತೇವದ ಕಾಡು ಬಿಟ್ಟು ಬಿಸಿಲಿಗೆ ಬಾರದ ಹಕ್ಕಿಗೆ ಅದು ಸಮುದ್ರದಷ್ಟೇ ದೊಡ್ಡ ಅಡ್ಡಿ. ಹೀಗಾಗಿ ಪಶ್ಚಿಮಘಟ್ಟದ ಕಾಡೂ ಲಂಕೆಯ ನೈಋತ್ಯದ ಕಾಡೂ ದೀರ್ಘಕಾಲ ಬೇರೆ ಬೇರೆಯಾಗಿಯೇ ಉಳಿದವು, ಹಕ್ಕಿಗಳೂ ತಮ್ಮ ತಮ್ಮ ದಾರಿ ಹಿಡಿದವು. ಇಷ್ಟಾದರೂ ವಿಜ್ಞಾನಿಗಳು ಎರಡನ್ನೂ ಸೇರಿಸಿ ಒಂದೇ ಜೀವವೈವಿಧ್ಯ ತಾಣವೆಂದು ಎಣಿಸುತ್ತಾರೆ.

ಎರಡನೆಯದು: ಕಾಲ

ಫೆಬ್ರವರಿ, ಮಾರ್ಚ್ ಅತ್ಯುತ್ತಮ. ಮೇ ತಿಂಗಳಲ್ಲಿ ನೈಋತ್ಯ ಮುಂಗಾರು ಅಲ್ಲಿನ ಮಳೆಕಾಡಿಗೆ ಇಳಿಯುತ್ತದೆ. ವಲಸೆ ಹಕ್ಕಿಗಳು ಏಪ್ರಿಲ್ ಹೊತ್ತಿಗೆ ಹೊರಟುಹೋಗಿರುತ್ತವೆ. ಅರೇಬಿಕಾ ಬೆಳೆಗಾರರಿಗೆ ಇದು ಸರಿಹೊಂದುವ ಸಮಯ. ಹಣ್ಣು ಕೊಯ್ಲು ಮುಗಿದು ಕಣ ಖಾಲಿಯಾಗುವ ಹೊತ್ತು. ರೊಬಸ್ಟಾ ಇರುವವರಿಗೆ ಕಷ್ಟ. ಕೊಯ್ಲು, ಅದರ ಹಿಂದೆಯೇ ಹೂವಿಗೆ ಸ್ಪ್ರಿಂಕ್ಲರ್ ನೀರು ಎಂದು ಕೈತುಂಬ ಕೆಲಸ. ಅಂಥವರು ತೋಟ ನೋಡಿಕೊಳ್ಳಲು ಯಾರನ್ನಾದರೂ ಗೊತ್ತು ಮಾಡಿಕೊಂಡೇ ದಿನ ನಿಗದಿ ಮಾಡಲಿ. ಒಂಬತ್ತು ದಿನಕ್ಕಿಂತ ಕಡಿಮೆ ಇಟ್ಟುಕೊಂಡರೆ ವ್ಯಾನಿನಲ್ಲೇ ಹೆಚ್ಚು ಹೊತ್ತು ಕಳೆಯಬೇಕಾಗುತ್ತದೆ.

ಮೂರನೆಯದು: ಗೈಡ್

ದುಡ್ಡು ಉಳಿಸಲೇಬೇಕೆಂದರೆ ಹೋಟೆಲಿನಲ್ಲಿ ಉಳಿಸಿ, ಗೈಡ್ ವಿಷಯದಲ್ಲಿ ಬೇಡ. ಶ್ರೀಲಂಕಾ ಪ್ರವಾಸೋದ್ಯಮ ಅಭಿವೃದ್ಧಿ ಪ್ರಾಧಿಕಾರದ ಪರವಾನಗಿ ಇರುವವರಲ್ಲೂ ಬಹುಪಾಲು ಮಂದಿ ದೇವಸ್ಥಾನ, ಚಹಾ ಕಾರ್ಖಾನೆ ತೋರಿಸುವವರು. ಹಕ್ಕಿಗಾಗಿಯೇ ಕೆಲಸ ಮಾಡುವವರನ್ನು ಕೇಳಿ ಪಡೆಯಬೇಕು. ಮುಂಗಡ ಕೊಡುವ ಮೊದಲು ಕೆಲವು ಪ್ರಶ್ನೆ ಕೇಳಿ. ಗುಂಪಿನಲ್ಲಿ ಎಷ್ಟು ಜನ? ಕಿರಿದಾದ ಕಾಲುದಾರಿಯಲ್ಲಿ ಆರು ಜನರಿಗಿಂತ ಹೆಚ್ಚಿದ್ದರೆ ಹಿಂದಿನವರಿಗೆ ಹಕ್ಕಿ ಕಾಣುವುದಿಲ್ಲ. ವಸತಿ ಕಾಡಿನ ಬಾಗಿಲಿಗೆ ಎಷ್ಟು ದೂರ? ಒಂದು ಗಂಟೆ ದೂರವಾದರೆ ಬೆಳಗಿನ ಅಮೂಲ್ಯ ಹೊತ್ತು ರಸ್ತೆಗೇ ಹೋಯಿತು. ಇಡೀ ದಿನ ಮಳೆ ಹಿಡಿದರೆ ಏನು ಮಾಡುತ್ತೀರಿ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ಹಕ್ಕಿಯ ಕೂಗನ್ನು ಸ್ಪೀಕರಿನಲ್ಲಿ ಹಾಕಿ ಕರೆಸುತ್ತೀರಾ? ತನ್ನ ಜಾಗಕ್ಕೆ ಎದುರಾಳಿ ಬಂದಿದ್ದಾನೆಂದು ಹಕ್ಕಿ ಗೂಡು, ಮೇವು ಬಿಟ್ಟು ಓಡಿಬರುತ್ತದೆ. ದಿನಕ್ಕೆ ನಾಲ್ಕು ಗುಂಪು ಬಂದು ಒಂದೇ ಜೋಡಿಗೆ ಇದನ್ನೇ ಮಾಡಿದರೆ ಅದರ ಗತಿಯೇನು? ಒಳ್ಳೆಯ ಗೈಡ್ ಕಾಯುತ್ತಾನೆ, ಕಾಯಲು ಹೇಳುತ್ತಾನೆ. ಅಂಥವನ ಜೊತೆ ಎರಡು ಜಾತಿ ಕಡಿಮೆ ನೋಡಿ ಬಂದರೂ ನಷ್ಟವಿಲ್ಲ ಎಂದೇ ನಾನು ಹೇಳುತ್ತೇನೆ.

ನಾಲ್ಕನೆಯದು: ದಾರಿ

ವಿಮಾನ ನಿಲ್ದಾಣ ಇರುವುದು ಕೊಲಂಬೊದ ಉತ್ತರಕ್ಕೆ, ಕಟುನಾಯಕದಲ್ಲಿ. ಅಲ್ಲಿಂದ ನಗರ ಸುತ್ತುವ ಗೋಜಿಗೆ ಹೋಗದೆ ನೇರ ಕಿತುಲ್‌ಗಲಕ್ಕೆ ಹೋಗಿ, ಎರಡು ರಾತ್ರಿ ಉಳಿಯಿರಿ. ಕೆಳನಿ ನದಿ ದಾಟಿದರೆ ಆಚೆ ದಡದಲ್ಲಿ ಮಾಕಂದಾವ ಕಾಡು. ಹಳ್ಳಿಯ ಹಿತ್ತಿಲು, ರಬ್ಬರ್ ತೋಟ, ಕಾಡು ಒಂದರೊಳಗೊಂದು ಬೆರೆತಿರುವ ಜಾಗವಾದ್ದರಿಂದ ಕಣ್ಣು ಪಳಗಿಸಿಕೊಳ್ಳಲು ಅನುಕೂಲ. ಇಲ್ಲಿನ ಬಿದಿರು ಮೆಳೆಗಳಲ್ಲಿ ಅಡಗಿರುವ, ಲಂಕೆಗೇ ಸೀಮಿತವಾದ ಕೆಂಬೂತವನ್ನು ಹುಡುಕಿ. ಮನೆಯ ಹಿತ್ತಿಲಿನ ಕೆಂಬೂತವೂ ಇಲ್ಲಿ ಇರುವುದರಿಂದ ಮೋಸ ಹೋಗುವುದು ಸುಲಭ. ಅದರ ಕೊಕ್ಕು ಕಪ್ಪು. ನಿಮಗೆ ಬೇಕಾದದ್ದರ ಕೊಕ್ಕು ದಂತದ ಬಣ್ಣಕ್ಕೆ ತಿರುಗಿದ ತಿಳಿಹಸಿರು.

ಮುಂದೆ ಸಿಂಹರಾಜ. ಇಲ್ಲಿಗೆ ಮೂರು ರಾತ್ರಿ ಕೊಡಿ, ಬೇರೆ ಎಲ್ಲಿಂದಲಾದರೂ ಕಿತ್ತುಕೊಂಡಾದರೂ ಕೊಡಿ. 1988ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಾಡು ಇದು. ಕುಡಾವ ಬದಿಯ ಬಾಗಿಲಲ್ಲಿ ಟಿಕೆಟ್ ಪಡೆದು, ಅಲ್ಲಿನ ಕಾಡುಗೈಡ್ ಒಬ್ಬರನ್ನು ಕಡ್ಡಾಯವಾಗಿ ಜೊತೆಗೆ ಕರೆದುಕೊಳ್ಳಬೇಕು. ನಡೆಯುವ ದಾರಿಯೇ 1970ರ ದಶಕದಲ್ಲಿ ಮರ ಕಡಿದು ಸಾಗಿಸಲು ಮಾಡಿದ ರಸ್ತೆ. ಜನರ ವಿರೋಧದಿಂದ ಕಡಿತ ನಿಂತಿತು, ಕಾಡು ಮತ್ತೆ ಕವಿದುಕೊಂಡಿತು.

ಸಿಂಹರಾಜದ ವಿಶೇಷ ಅಲ್ಲಿನ ಮಿಶ್ರ ಗುಂಪು. ಅರ್ಧ ಗಂಟೆ ನಡೆದರೂ ಒಂದು ಹಕ್ಕಿಯ ಸದ್ದಿಲ್ಲ. ಆಮೇಲೆ ಎಲ್ಲೋ ದೂರದಲ್ಲಿ ಹರಟೆಮಲ್ಲಗಳ ಕಚಪಚ. ಅದು ಹತ್ತಿರವಾದಂತೆ ಕಾಜಾಣದ ಕೂಗು ಸೇರಿಕೊಳ್ಳುತ್ತದೆ. ನೋಡನೋಡುತ್ತಿದ್ದಂತೆ ಇಡೀ ಇಳಿಜಾರು ಹಕ್ಕಿಗಳಿಂದ ತುಂಬಿಹೋಗುತ್ತದೆ. 1981ರಿಂದಲೂ ಇಲ್ಲಿ ಈ ಗುಂಪುಗಳ ಅಧ್ಯಯನ ನಡೆದಿದೆ. ಒಂದು ಗುಂಪಿನಲ್ಲಿ ಸರಾಸರಿ 40ರಷ್ಟು ಹಕ್ಕಿ, 11-12 ಜಾತಿ. ಕಿತ್ತಳೆ ಕೊಕ್ಕಿನ ಹರಟೆಮಲ್ಲ ಎಲೆ ಕೆದಕುತ್ತಾ ಹುಳ ಎಬ್ಬಿಸುತ್ತದೆ. ಜುಟ್ಟಿನ ಕಾಜಾಣ ಮೇಲೆ ಕೂತು ಹಾರಿದ ಹುಳ ಹಿಡಿಯುತ್ತದೆ, ಗಿಡುಗ ಕಂಡರೆ ಎಚ್ಚರಿಸುತ್ತದೆ. ಈ ಕಾಜಾಣ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸಿ ಗುಂಪನ್ನು ಸೇರಿಸುತ್ತದೆಂದು ಅಲ್ಲಿನ ಸಂಶೋಧಕರು ತೋರಿಸಿದ್ದಾರೆ. ನಮ್ಮ ತೋಟದ ಭೀಮರಾಜನ ಮಿಮಿಕ್ರಿ ಕೇಳಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಗುಂಪು ಬಂದಾಗ ಗಾಬರಿಯಾಗಿ ಎಲ್ಲ ಕಡೆ ದುರ್ಬೀನು ತಿರುಗಿಸಿದರೆ ಏನೂ ದಕ್ಕುವುದಿಲ್ಲ. ಮೊದಲು ಬರಿಗಣ್ಣಲ್ಲಿ ಚಲನೆ ಹಿಡಿಯಿರಿ, ಕಣ್ಣು ಕದಲಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ. ಜೊತೆಗಾರರೊಂದಿಗೆ ಕಾಡನ್ನು ಹಂಚಿಕೊಳ್ಳಿ: ಒಬ್ಬರು ಮರದ ತುದಿ, ಒಬ್ಬರು ನಡುಮಟ್ಟ, ಒಬ್ಬರು ನೆಲ. ತುದಿಯಲ್ಲಿ ಕೋಗಿಲೆಯ ಬಳಗದ, ಕೆಂಪು ಮುಖದ ಮಾಲ್ಕೊಹಾ ಎಲೆಗಳ ಸಂದಿಯಲ್ಲಿ ಅಳಿಲಿನ ಹಾಗೆ ನುಸುಳುತ್ತದೆ. ನಡುಮಟ್ಟದಲ್ಲಿ ಸಿಂಹಳೀಯರು ಕೆಹಿಬೆಲ್ಲಾ ಎನ್ನುವ ನೀಲಿ ಮ್ಯಾಗ್‌ಪೈ: ನೀಲಿ ಮೈ, ಕಂದುಗೆಂಪು ತಲೆ ಮತ್ತು ರೆಕ್ಕೆ, ಕೆಂಪು ಕೊಕ್ಕು, ಕೆಂಪು ಕಾಲು. ನೆಲದ ಬಳಿ ಬೂದು ತಲೆಯ ನಗೆಮಲ್ಲ. ಗೈಡ್‌ಗಳು ಗಡಿಯಾರದ ಲೆಕ್ಕದಲ್ಲಿ ದಿಕ್ಕು ಹೇಳುತ್ತಾರೆ. ಎದುರಿನ ಮರದ ಮೇಲ್ತುದಿ ಹನ್ನೆರಡು ಗಂಟೆ, ಬಲಬದಿ ಮೂರು. ಹೊರಡುವ ಮುನ್ನವೇ ಇದನ್ನು ಅಭ್ಯಾಸ ಮಾಡಿಕೊಂಡಿದ್ದರೆ ಬಹಳ ಉಪಯೋಗ.

ಇದೇ ಕೆಳನಾಡ ಮಳೆಕಾಡಿನಲ್ಲಿ ಕೆಂಗಂದು ಬಣ್ಣದ ಪುಟ್ಟ ಸೆರೆಂದಿಬ್ ಗೂಬೆಯಿದೆ. ದೀಪಲ್ ವಾರಕಗೊಡ ಎಂಬ ಪಕ್ಷಿತಜ್ಞರು 1995ರಲ್ಲಿ ಅಪರಿಚಿತ ಕೂಗೊಂದನ್ನು ಕೇಳಿದರು. ಅದರ ಒಡೆಯನನ್ನು ಕಣ್ಣಾರೆ ಕಂಡದ್ದು 2001ರಲ್ಲಿ, ಹೊಸ ಜಾತಿಯೆಂದು ಪ್ರಕಟವಾದದ್ದು 2004ರಲ್ಲಿ. ಕಿವಿಗೊಟ್ಟು ಕೇಳುವವರಿಗೆ ಎಷ್ಟು ಬೆಲೆ ಇದೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಮೂರನೇ ತಾಣ ನುವರ ಎಲಿಯ, ಎರಡು ರಾತ್ರಿ. ಇಲ್ಲಿಗೆ ಹೋಗುವ ದಾರಿಯುದ್ದಕ್ಕೂ ಚಹಾ. ಆ ಗುಡ್ಡಗಳಲ್ಲಿ ಒಂದು ಕಾಲಕ್ಕೆ ಇದ್ದದ್ದು ಕಾಫಿ. 1869ರಲ್ಲಿ ಅಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಎರಡು ದಶಕಗಳಲ್ಲಿ ಸಿಲೋನಿನ ಕಾಫಿಯನ್ನು ಮುಗಿಸಿತು, ಪ್ಲಾಂಟರುಗಳು ಚಹಾಕ್ಕೆ ಹೊರಳಿದರು. ತುಕ್ಕು ನಮ್ಮಲ್ಲಿಗೂ ಬಂತು. ಆದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಎಸ್.795ರಂಥ ತಳಿಗಳ ಬಲದಿಂದ ಇಲ್ಲಿ ಅರೇಬಿಕಾ ಉಳಿಯಿತು. ಅದರ ಜೊತೆಗೆ ನೆರಳಿನ ಮರ ಉಳಿಯಿತು, ಮರದ ಹಕ್ಕಿ ಉಳಿಯಿತು. ಚಹಾ ತೋಟದ ಬೋಳು ಇಳಿಜಾರಿನಲ್ಲಿ ಕಾಡಿನ ಹಕ್ಕಿಗೆ ಕೂರಲು ಕೊಂಬೆಯಿಲ್ಲ. ಅಲ್ಲಿನ ಬೆಟ್ಟದ ಹಕ್ಕಿಗಳೆಲ್ಲ ತುಂಡು ತುಂಡು ಕಾಡುಗಳಲ್ಲಿ ಸಿಕ್ಕಿಕೊಂಡಿವೆ. ಬೆಳ್ಳಿಓಕ್ ಬಿಟ್ಟು ಉಳಿದ ಮರವನ್ನೆಲ್ಲ ಮಾರಲು ಹೊರಟಿರುವ ನಮ್ಮ ಕಡೆಯ ಬೆಳೆಗಾರರು ಆ ಗುಡ್ಡಗಳನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು.

ಅಲ್ಲಿಂದ ಹಾರ್ಟನ್ ಪ್ಲೇನ್ಸ್ ಎಂಬ ಎತ್ತರದ ಹುಲ್ಲುಗಾವಲು-ಕಾಡಿನ ರಾಷ್ಟ್ರೀಯ ಉದ್ಯಾನಕ್ಕೆ ನಸುಕಿನಲ್ಲೇ ಹೊರಡಿ. 2,000 ಮೀಟರಿಗೂ ಎತ್ತರ, ಅಂದರೆ ಮುಳ್ಳಯ್ಯನಗಿರಿಯ ನೆತ್ತಿಗಿಂತ ಮೇಲೆ. ಸ್ವೆಟರ್, ಟೋಪಿ ಬೇಕೇ ಬೇಕು. ದಾರಿ ಬದಿಯ ಸಣ್ಣ ಕೊಳವೊಂದರ ಬಳಿ ಗೈಡ್ ನಿಲ್ಲಿಸುತ್ತಾನೆ. ಅದು ಲಂಕೆಯ ಸಿಳ್ಳಾರದ ಜಾಗ. ನಮ್ಮ ಸಿಳ್ಳಾರ ಹಳ್ಳದ ಬದಿಯಲ್ಲಿ ಕೂತು ಹುಡುಗ ಸಿಳ್ಳೆ ಹಾಕಿದಂತೆ ಉದ್ದಕ್ಕೆ ಹಾಡುತ್ತದೆ, ಜನರಿಗೂ ಅಷ್ಟಾಗಿ ಹೆದರುವುದಿಲ್ಲ. ಅಲ್ಲಿನದು ಮಹಾ ಸಂಕೋಚದ್ದು. ಬೆಳಕು ಹರಿಯುವ ಹೊತ್ತಿಗೆ ಕಿವಿಗೆ ಚುಚ್ಚುವಂಥ ಸಣ್ಣ ಕೀರಲು ದನಿ, ಭುಜದ ಮೇಲೊಂದು ನೀಲಿ ಹೊಳಪು, ಅಷ್ಟೇ. ಅದೇ ಸಂಜೆ ಪೇಟೆಯ ವಿಕ್ಟೋರಿಯಾ ಪಾರ್ಕಿಗೆ ಹೋಗಿ. ಕೊಳಚೆ ಕಾಲುವೆ ಹರಿಯುವ ಮೂಲೆಯಲ್ಲಿ ಮೂಗು ಮುಚ್ಚಿಕೊಂಡು ನಿಂತರೆ ನವರಂಗ, ಹಿಮಾಲಯದಿಂದ ಬಂದ ಕಪ್ಪುಬಿಳುಪಿನ ಥ್ರಷ್, ಕಾಶ್ಮೀರದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಇಲ್ಲಿಗೆ ಬರುವ ನೊಣಹಿಡುಕ ಸಿಗುವ ಸಾಧ್ಯತೆ ಇದೆ.

ದಕ್ಷಿಣದ ಬುಂದಲ, ಯಾಲ ರಾಷ್ಟ್ರೀಯ ಉದ್ಯಾನಗಳನ್ನು ದಿನ ಉಳಿದರೆ ಮಾತ್ರ ಸೇರಿಸಿಕೊಳ್ಳಿ. ಚೆಂದದ ಜಾಗಗಳೇ. ಆದರೆ ಅಲ್ಲಿನ ನೀರುಹಕ್ಕಿಗಳಲ್ಲಿ ಹೆಚ್ಚಿನವು ಅಯ್ಯನಕೆರೆ, ಗೊರೂರು ಹಿನ್ನೀರಿನಲ್ಲೂ ಕಾಣುವಂಥವು.

ಐದನೆಯದು: ಚೀಲ, ಊಟ, ಕಾಗದಪತ್ರ

ಇಂಬಳಕ್ಕೆ ಹೆದರುವವರು ಮಲೆನಾಡಿನಲ್ಲಿ ಇರಲಾರರು. ಆದರೂ ಮೊಣಕಾಲವರೆಗೆ ಬರುವ ಬಟ್ಟೆಯ ಇಂಬಳದ ಕಾಲುಚೀಲ ಒಯ್ಯಿರಿ. ಸಿಂಹರಾಜದವು ಮಳೆ ಬಿದ್ದ ಕ್ಷಣ ಎದ್ದು ನಿಲ್ಲುತ್ತವೆ. ಕೊಡೆ ರೇನ್‌ಕೋಟಿಗಿಂತ ಮೇಲು, ಏಕೆಂದರೆ ಸೆಕೆಯ ಕಾಡಿನಲ್ಲಿ ರೇನ್‌ಕೋಟಿನೊಳಗೆ ಬೆವರೇ ಮಳೆಯಾಗುತ್ತದೆ. ಮಂದ ಬಣ್ಣದ ಬಟ್ಟೆ, ದುರ್ಬೀನು ಒರೆಸಲು ಒಣ ಹತ್ತಿಬಟ್ಟೆ, ಚೌಕ ಪಿನ್ನಿನ ಚಾರ್ಜರ್ ಅಡಾಪ್ಟರ್ ಇರಲಿ.

ಸಸ್ಯಾಹಾರಿಗಳು ಗಮನಿಸಿ. ಅಪ್ಪ, ಒತ್ತುಶಾವಿಗೆ, ಅನ್ನ, ಹಲಸಿನ ಪಲ್ಯ, ಬೇಳೆಸಾರು ಎಲ್ಲ ಸಿಗುತ್ತದೆ, ನಾಲಗೆಗೂ ಒಗ್ಗುತ್ತದೆ. ಆದರೆ ಪೊಲ್ ಸಂಬೊಲ್ ಎಂಬ ತೆಂಗಿನಕಾಯಿ ಚಟ್ನಿಗೆ ಉಂಬಲಕಡ ಎಂಬ ಒಣಮೀನಿನ ಪುಡಿ ಹಾಕುವುದು ರೂಢಿ, ಪಲ್ಯಕ್ಕೂ ಕೆಲವೊಮ್ಮೆ ಬೀಳುತ್ತದೆ. ‘ಉಂಬಲಕಡ ಬೇಡ’ ಎಂದು ಗೈಡ್ ಮೂಲಕ ಅಡುಗೆಯವರಿಗೆ ಮುಂಚೆಯೇ ಹೇಳಿಸಿ. ಬರೀ ‘ವೆಜ್’ ಎಂದರೆ ಸಾಲದು.

ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರಬೇಕು. ವೀಸಾ ನಿಯಮ, ಶುಲ್ಕ ಆಗಾಗ ಬದಲಾಗುವುದರಿಂದ ಶ್ರೀಲಂಕಾ ಸರ್ಕಾರದ ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ಜಾಲತಾಣದಲ್ಲೇ ನೋಡಿ, ಮಧ್ಯವರ್ತಿಗಳ ಮಾತು ನಂಬಬೇಡಿ. ಸಾರ್ಕ್ ದೇಶದವರಿಗೆ ಕೆಲವು ಟಿಕೆಟುಗಳಲ್ಲಿ ರಿಯಾಯಿತಿ ಇರುವುದರಿಂದ ಪಾಸ್‌ಪೋರ್ಟನ್ನು ಕೋಣೆಯಲ್ಲಿ ಬಿಡದೆ ಜೊತೆಗೇ ಇಟ್ಟುಕೊಳ್ಳಿ. ಕಂಡ ಹಕ್ಕಿಗಳನ್ನು ಆಯಾ ಸಂಜೆಯೇ ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣಕ್ಕೆ ಹಾಕಿ. ಮಾರನೇ ದಿನಕ್ಕೆ ಬಿಟ್ಟರೆ ಎಣಿಕೆ ಕಲಸಿಹೋಗುತ್ತದೆ.

ಸಿಂಹರಾಜದ ಬಾಗಿಲ ಬಳಿ ಇರುವ ವಸತಿಗಳು ಕೆಲವೇ ಕೆಲವು, ಒಳ್ಳೆಯ ಗೈಡ್‌ಗಳೂ ಅಷ್ಟೆ. ಫೆಬ್ರವರಿಯಲ್ಲಿ ಹೋಗುವ ಮನಸ್ಸಿದ್ದರೆ ಇಲ್ಲಿ ಮಳೆಗಾಲ ಮುಗಿಯುವುದರೊಳಗೆ ಎರಡನ್ನೂ ಕಾದಿರಿಸಿ, ವಿಮಾನದ ಟಿಕೆಟ್ ಆಮೇಲೆ ತೆಗೆಯಿರಿ.