ಎದುರು ಬಿಸಿಲಲ್ಲಿ ಬೂದು ವಿಮಾನ

ಯುದ್ಧವಿಮಾನದ ಫೋಟೋ ತೆಗೆಯೋದರಲ್ಲಿ ಕಷ್ಟ ಯಾವುದು ಅಂತ ಕೇಳಿದರೆ ಎಲ್ಲರೂ ವೇಗ ಅಂತಾರೆ. ನನ್ನನ್ನು ವೇಗ ಅಷ್ಟೇನೂ ಕಾಡಲಿಲ್ಲ. ವಿಮಾನದ ಜೊತೆ ಸೊಂಟದಿಂದ ಮೇಲೆ ತಿರುಗುತ್ತಾ ಹೋಗೋದು ಅಭ್ಯಾಸದಿಂದ ಬಂದುಬಿಡುತ್ತೆ. ಕಾಡಿದ್ದು ಬೆಳಕು.

ಯಲಹಂಕ ವಾಯುನೆಲೆಯ ರನ್‌ವೇ ಪೂರ್ವ-ಪಶ್ಚಿಮವಾಗಿದೆ. ಅಲ್ಲಿ ನಡೆಯುವ ವೈಮಾನಿಕ ಪ್ರದರ್ಶನ ಏರೋ ಇಂಡಿಯಾದಲ್ಲಿ ನಾವು ನಿಲ್ಲುತ್ತಿದ್ದ ಕಡೆಯಿಂದ ನೋಡಿದರೆ ಅದು ದಕ್ಷಿಣಕ್ಕೆ. ಪ್ರದರ್ಶನ ಡಿಸೆಂಬರ್‌ನಲ್ಲಾಗಲಿ, ಫೆಬ್ರವರಿಯಲ್ಲಾಗಲಿ, ಸೂರ್ಯನೂ ದಕ್ಷಿಣಕ್ಕೇ. ಹೊತ್ತೇರಿದ ಮೇಲೆ ಬಿಸಿಲೆಲ್ಲ ನಮ್ಮ ಮುಖಕ್ಕೆ, ವಿಮಾನದ ನೆರಳಿನ ಮಗ್ಗುಲು ನಮ್ಮ ಕ್ಯಾಮೆರಾಗೆ. ಸಾಲದ್ದಕ್ಕೆ ಬಣ್ಣವೇ ಬೂದು. ಆಕಾಶದಲ್ಲಿ ಕಾಣಬಾರದು ಅಂತಲೇ ಬಳಿದ ಬಣ್ಣ ಅದು, ಅಲ್ವಾ? ಅದರ ಹಿಂದೆ ಕಣ್ಣು ಕುಕ್ಕುವ ಆಕಾಶ. ಫಿಲ್ಮ್ ಬಿಟ್ಟು ಡಿಜಿಟಲ್‌ಗೆ ಬಂದಾಗ ನನ್ನ ಮಟ್ಟಿಗೆ ನಿಜವಾಗಿ ಬದಲಾಗಿದ್ದು ಈ ಬೆಳಕಿನ ಲೆಕ್ಕಾಚಾರ ಒಂದೇ.

ಏರೋ ಇಂಡಿಯಾ ಶುರುವಾಗಿದ್ದು 1996ರಲ್ಲಿ. ಆಗ ನನ್ನ ಹತ್ತಿರ ಇದ್ದದ್ದು ನಿಕಾನ್ ಎಫ್ಎಂ2, ಜೊತೆಗೆ 300 ಎಂಎಂ ಎಫ್/4.5 ಲೆನ್ಸ್. ಫೋಕಸ್, ಅಪರ್ಚರ್, ಶಟರ್, ಫಿಲ್ಮ್ ಮುಂದಕ್ಕೆ ತಿರುಗಿಸೋದು, ಎಲ್ಲಾ ಕೈಯಲ್ಲೇ. ಗೇಟಿನ ತಪಾಸಣೆಯವರು ಕ್ಯಾಮೆರಾ ನಿಜವಾದದ್ದೇ ಅಂತ ನೋಡೋಕೆ "ಒಂದು ಕ್ಲಿಕ್ ಮಾಡಿ ತೋರಿಸಿ" ಅನ್ನುತ್ತಿದ್ದರು. ರೋಲಿನಲ್ಲಿ ಇರೋದೇ 36, ಅದರಲ್ಲೊಂದು ಗೇಟಿಗೆ ಕಾಣಿಕೆ ಯಾಕೆ ಅಂತ ನಾನು ಒಳಗೆ ಹೋದ ಮೇಲೇ ಫಿಲ್ಮ್ ಹಾಕುತ್ತಿದ್ದೆ. ಫಿಲ್ಮನ್ನು ತಾನೇ ಮುಂದಕ್ಕೆ ತಿರುಗಿಸುವ ಎಂಡಿ-12 ಮೋಟರ್ ಹಾಕಿದರೆ ಸೆಕೆಂಡಿಗೆ ಮೂರರ ಮೇಲೆ ಫ್ರೇಮ್ ಬರುತ್ತಿತ್ತು. ಹಾಗೆ ಒತ್ತಿ ಹಿಡಿದರೆ ಹನ್ನೊಂದು ಹನ್ನೆರಡು ಸೆಕೆಂಡಿಗೆ ರೋಲ್ ಖಾಲಿ. ಆದ್ದರಿಂದ ಮೋಟರ್ ಚೀಲದಲ್ಲೇ ಇರುತ್ತಿತ್ತು, ಹೆಬ್ಬೆರಳೇ ಮೋಟರ್.

ಬೆಳಕು ಅಳೆಯುತ್ತಿದ್ದದ್ದು ಹೀಗೆ. ಎಫ್ಎಂ2 ಮೀಟರ್ ಚೌಕಟ್ಟಿನ ನಡುಭಾಗಕ್ಕೆ ಜಾಸ್ತಿ ಬೆಲೆ ಕೊಡುತ್ತದೆ. ಆದರೆ ಹಾರುವ ವಿಮಾನ ಆ ನಡುಭಾಗವನ್ನೂ ತುಂಬಲ್ಲ. ಕೊನೆಗೆ ಮೀಟರ್ ಅಳೆಯೋದು ಆಕಾಶವನ್ನೇ. ಐಎಸ್‌ಒ 200ರ ಫಿಲ್ಮ್‌ಗೆ, ಅಪರ್ಚರ್ ಎಫ್/5.6ರಲ್ಲಿ, ಅದು ಶಟರ್ 1/2000 ಸೆಕೆಂಡ್ ಅನ್ನುತ್ತಿತ್ತು. ಅದನ್ನು ನಂಬಿದರೆ ಸಿಗೋದು ವಿಮಾನದ ಕಪ್ಪು ಆಕಾರ ಅಷ್ಟೆ. ನಾನು ಅಂಗೈಯನ್ನು ಮುಖದ ಮುಂದೆ ಹಿಡಿಯುತ್ತಿದ್ದೆ, ಬಿಸಿಲು ಮುಂಗೈ ಮೇಲೆ ಬೀಳಬೇಕು, ನೆರಳಿನ ಬದಿ ನನ್ನ ಕಡೆಗಿರಬೇಕು. ವಿಮಾನದ ನಮ್ಮ ಮಗ್ಗುಲಿಗೆ ಬೀಳುವ ಬೆಳಕೂ ಅಂಥದ್ದೇ. ಅಂಗೈ ತುಂಬಿಸಿ ಅಳೆದು, ಅಂಗೈ ಸ್ವಲ್ಪ ಬಿಳುಪಾದ್ದರಿಂದ ಒಂದು ಸ್ಟಾಪ್ ಹೆಚ್ಚಿಗೆ, ಅಂದರೆ ಎರಡರಷ್ಟು ಬೆಳಕು ಕೊಟ್ಟರೆ 1/500ರ ಹತ್ತಿರ ಬರುತ್ತಿತ್ತು. ಆಕಾಶ ಬೆಳ್ಳಗಾದರೆ ಆಗಲಿ. ಪಕ್ಕದಲ್ಲಿ ನಿಂತವರು ಇವನೇನು ಬೆಳಗ್ಗೆಯಿಂದ ಕೈ ನೋಡಿಕೊಳ್ತಾನೆ ಅಂದುಕೊಂಡಿರಬೇಕು.

ಫೋಕಸ್‌ಗೆ ದೊಡ್ಡ ಉಪಾಯ ಬೇಕಿರಲಿಲ್ಲ, ದೂರದ ವಿಮಾನ ಇನ್ಫಿನಿಟಿಯಲ್ಲೇ, ಅಂದರೆ ಲೆನ್ಸಿನ ಅತಿ ದೂರದ ಗುರುತಿನಲ್ಲೇ ಇರುತ್ತೆ. ಆದರೆ ನನ್ನದರಂಥ ಇಡಿ (ED), ಅಂದರೆ ಬಣ್ಣ ಚೆದುರದಂಥ ವಿಶೇಷ ಗಾಜಿನ ಲೆನ್ಸ್‌ಗಳ ಉಂಗುರ ಇನ್ಫಿನಿಟಿ ದಾಟಿ ಇನ್ನೂ ಸ್ವಲ್ಪ ತಿರುಗುತ್ತದೆ. ಬಿಸಿಗೆ ಫೋಕಸ್ ಜಾಗ ಬದಲಾಗುತ್ತೆ ಅಂತ ಹಾಗೆ ಮಾಡಿರುತ್ತಾರೆ. ಬೆಳಗ್ಗೆ ದೂರದ ನೀರಿನ ಟ್ಯಾಂಕ್ ನೋಡಿ ಉಂಗುರಕ್ಕೆ ಟೇಪ್ ಅಂಟಿಸುತ್ತಿದ್ದೆ. ಮಧ್ಯಾಹ್ನ ಲೆನ್ಸ್ ಕಾದ ಮೇಲೆ ಮತ್ತೆ ಅದೇ ಟ್ಯಾಂಕ್ ನೋಡಿ ಟೇಪ್ ಬದಲಿಸಬೇಕು.

ಗಾತ್ರದ ವಿಷಯವನ್ನು ಒಂದು ಸಣ್ಣ ಲೆಕ್ಕದಲ್ಲಿ ಹೇಳಿಬಿಡ್ತೀನಿ. ಎಲ್‌ಸಿಎ, ಅಂದರೆ ಈಗಿನ ತೇಜಸ್, 2001ರ ಜನವರಿ 4ರಂದು ಎಚ್‌ಎಎಲ್ ರನ್‌ವೇಯಿಂದ ಮೊದಲ ಸಲ ಹಾರಿತು. ಅದರ ಉದ್ದ 13 ಮೀಟರ್ ಚಿಲ್ಲರೆ. ಅರ್ಧ ಕಿಲೋಮೀಟರ್ ದೂರದಲ್ಲಿದ್ದರೆ 300 ಎಂಎಂ ಲೆನ್ಸ್ ಅದನ್ನು ಫಿಲ್ಮ್ ಮೇಲೆ ಬರೀ 8 ಮಿಲಿಮೀಟರ್ ಉದ್ದಕ್ಕೆ ಮೂಡಿಸುತ್ತದೆ. ನೆಗೆಟಿವ್ ಅಗಲ 36 ಮಿಲಿಮೀಟರ್. ಸುಖೋಯ್-30 ಆದರೆ 22 ಮೀಟರ್ ಹತ್ತಿರ, ಹಾಗಾಗಿ 13 ಮಿಲಿಮೀಟರ್. ನಮ್ಮ ಆಲ್ಬಂಗಳಲ್ಲಿ ಸುಖೋಯ್ ಯಾಕೆ ಯಾವಾಗಲೂ ಚೆನ್ನಾಗಿ ಬಂದಿರುತ್ತೆ ಅಂದರೆ ಇಷ್ಟೇ ಕಾರಣ.

ಫಿಲ್ಮ್ ಕಾಲದ ನಿಜವಾದ ಗೋಳು ಲ್ಯಾಬಿನಲ್ಲಿ. ನೆಗೆಟಿವ್‌ನಲ್ಲಿ ಸರಿಯಾಗೇ ಬಂದಿರುತ್ತಿತ್ತು. ಪ್ರಿಂಟ್ ಮಾಡುವ ಮಿನಿಲ್ಯಾಬ್ ಮೆಷಿನ್ನು ಮಾತ್ರ ಇಡೀ ಚಿತ್ರದ ಸರಾಸರಿ ನೋಡುತ್ತೆ. ಮುಕ್ಕಾಲು ಪಾಲು ಬಿಳಿ ಆಕಾಶ ಕಂಡರೆ ಅದಕ್ಕೆ ಜಾಸ್ತಿ ಬೆಳಕು ಬಿದ್ದಿದೆ ಅಂತ ಅನ್ನಿಸಿ, ಆಕಾಶವನ್ನು ಬೂದು ಮಾಡಿ ವಿಮಾನವನ್ನು ಮಸಿ ಮಾಡುತ್ತೆ. ನಾನು ಅಂಗೈ ಹಿಡಿದು ಉಳಿಸಿದ ಎರಡು ಸ್ಟಾಪನ್ನ ಮೆಷಿನ್ ಒಂದು ಕ್ಷಣದಲ್ಲಿ ವಾಪಸ್ ಕಿತ್ತುಕೊಳ್ಳುತ್ತಿತ್ತು. ಕೌಂಟರಿನ ಹುಡುಗ "ಪ್ಲೇನ್ ಕಪ್ಪಗೆ ಬಂದಿದೆ ಸರ್, ನಿಮ್ ಫಿಲ್ಮೇ ಹಂಗಿದೆ" ಅನ್ನುತ್ತಿದ್ದ. ಆಪರೇಟರ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, ಡೆನ್ಸಿಟಿ (ಪ್ರಿಂಟಿನ ಕಪ್ಪು) ಇಳಿಸಿ ಅಂತ ಪ್ರತಿ ಫ್ರೇಮಿಗೂ ಹೇಳಿಸಿಕೊಳ್ಳುವ ಲ್ಯಾಬ್ ಸಿಗೋದು ಪುಣ್ಯ. ಸ್ಲೈಡ್ ಫಿಲ್ಮ್‌ನಲ್ಲಿ ಈ ತಂಟೆ ಇಲ್ಲ, ತೆಗೆದದ್ದೇ ಚಿತ್ರ. ಆದರೆ ಅರ್ಧ ಸ್ಟಾಪ್ ಆಚೀಚೆ ಆದರೂ ಅದು ಕ್ಷಮಿಸಲ್ಲ. ವೆಲ್ವಿಯಾ 50 ಅನ್ನೋ ಸ್ಲೈಡ್ ಫಿಲ್ಮನ್ನು ಬೆಳಗಿನ ಓರೆ ಬಿಸಿಲಿಗೆ, ವಾಯುಪಡೆಯ ಸೂರ್ಯಕಿರಣ ಪ್ರದರ್ಶನ ತಂಡದ ಕೆಂಪು-ಬಿಳಿ ಕಿರಣ್ ವಿಮಾನಗಳಿಗೆ ಅಂತ ಎತ್ತಿಡುತ್ತಿದ್ದೆ.

2005ರ ಫೆಬ್ರವರಿಗೆ ಕೈಗೆ ನಿಕಾನ್ ಡಿ70 ಡಿಜಿಟಲ್ ಕ್ಯಾಮೆರಾ ಬಂದಿತ್ತು. 6 ಮೆಗಾಪಿಕ್ಸೆಲ್. ಹಳೇ 300 ಎಂಎಂ ಲೆನ್ಸನ್ನೇ ಅದಕ್ಕೆ ಹಾಕಿದೆ. ಸೆನ್ಸರ್ ಚಿಕ್ಕದಾದ್ದರಿಂದ ಅದು 450 ಎಂಎಂ ಥರ ಕೆಲಸ ಮಾಡುತ್ತೆ, 8 ಮಿಲಿಮೀಟರ್ ತೇಜಸ್ ಚೌಕಟ್ಟಿನ ಮೂರನೇ ಒಂದು ಭಾಗ ತುಂಬುತ್ತೆ. ತಮಾಷೆ ಏನಂದರೆ ಚಿಪ್ ಇಲ್ಲದ ಹಳೇ ಲೆನ್ಸ್ ಹಾಕಿದರೆ ಡಿ70 ಮೀಟರ್ ಕೆಲಸವನ್ನೇ ಮಾಡಲ್ಲ. ಅಂಗಡಿಯಲ್ಲಿ ಎಲ್ಲರೂ ಬೇಡ ಅಂದರು. ಮೀಟರ್ ಮಾತು ಕೇಳದೆ ಇರೋದೇ ನನಗೆ ರೂಢಿಯಾಗಿತ್ತಲ್ಲ, ಏನೂ ಅನ್ನಿಸಲಿಲ್ಲ. 1/1000, ಎಫ್/5.6 ಅಂತ ಅಂದಾಜಿಗೆ ಇಟ್ಟು ಮೊದಲು ಹಾರಿದ ವಿಮಾನಕ್ಕೆ ಒಂದು ಕ್ಲಿಕ್, ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು ಹಿಸ್ಟೋಗ್ರಾಂ, ಅಂದರೆ ಎಡಕ್ಕೆ ಕಪ್ಪು ಬಲಕ್ಕೆ ಬಿಳುಪು ತೋರಿಸುವ ಗ್ರಾಫ್ ನೋಡೋದು. ಬಟ್ಟೆ ಇಲ್ಲದಿದ್ದರೆ ಆ 1.8 ಇಂಚಿನ ಪರದೆಯಲ್ಲಿ ಬಿಸಿಲಿಗೆ ಏನೂ ಕಾಣಲ್ಲ.

ಹಿಸ್ಟೋಗ್ರಾಂನಲ್ಲಿ ಬಲಕ್ಕೆ ಒಂದು ದೊಡ್ಡ ಗುಡ್ಡ, ಅದು ಆಕಾಶ. ಎಡಕ್ಕೆ ಒಂದು ಸಣ್ಣ ದಿಬ್ಬ, ಅದೇ ವಿಮಾನ. ದಿಬ್ಬ ಎಡಗೋಡೆಗೆ ಅಂಟಿಕೊಂಡಿದ್ದರೆ ಶಟರ್ ವೇಗ ಇಳಿಸಬೇಕು. ಬೆಳಕು ಜಾಸ್ತಿಯಾಯ್ತು ಅಂತ ಪರದೆಯಲ್ಲಿ ಆಕಾಶ ಮಿಣಮಿಣ ಎಚ್ಚರಿಸಿದರೆ ಅದರ ಪಾಡಿಗೆ ಬಿಟ್ಟುಬಿಡಬೇಕು. ಮುಂದಿನ ವಿಮಾನ ಬರೋ ಹೊತ್ತಿಗೆ ಎಲ್ಲಾ ತಯಾರು. ಡಿಜಿಟಲ್ ಅಂದರೆ ಲೆಕ್ಕ ಇಡದೆ ಹೊಡೆಯಬಹುದು ಅಂತ ಜನ ಖುಷಿಪಟ್ಟರು. ನನಗೆ ಖುಷಿ ಕೊಟ್ಟಿದ್ದು ಲ್ಯಾಬಿನ ಸ್ಟೂಲ್ ತಪ್ಪಿದ್ದು.

ಲೆಕ್ಕ ಇಡದೆ ಹೊಡೆಯೋದೂ ಆಗ ಸುಳ್ಳೇ. 512 ಎಂಬಿ ಕಾರ್ಡಿನಲ್ಲಿ ಒಳ್ಳೆ ಗುಣಮಟ್ಟದ ಜೆಪೆಗ್ ಸುಮಾರು 140 ಹಿಡಿಯುತ್ತಿತ್ತು. ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಇಡುವ ರಾ ಫೈಲ್ ತೆಗೆದರೆ ನಾಲ್ಕು ಫ್ರೇಮಿಗೆ ಬಫರ್ (ಕಾರ್ಡಿಗೆ ಬರೆಯೋ ಮುಂಚಿನ ತಾತ್ಕಾಲಿಕ ಜಾಗ) ತುಂಬಿ ಕ್ಯಾಮೆರಾ ಮಂಕಾಗಿ ಕೂರುತ್ತಿತ್ತು. ಸೂರ್ಯಕಿರಣದವರು ಎದುರಾಬದುರು ಬಂದು ದಾಟುವಾಗ ಮೊದಲೇ ಒತ್ತಿಬಿಟ್ಟರೆ ದಾಟುವ ಗಳಿಗೆಗೆ ಶಟರ್ ಬೀಳಲ್ಲ. ಎಫ್ಎಂ2ರ ಹೆಬ್ಬೆರಳಿನ ಶಿಸ್ತು ಅಲ್ಲಿ ಉಪಯೋಗಕ್ಕೆ ಬಂತು, ಒಂದೇ ಕ್ಲಿಕ್, ಮೂಗು ಮೂಗು ಸೇರುವ ಹೊತ್ತಿಗೆ. ಡಿ70ಯ ಇಣುಕುಗಂಡಿ (ವ್ಯೂಫೈಂಡರ್) ಬೇರೆ ಇಕ್ಕಟ್ಟು, ಎಫ್ಎಂ2ದು ಎಷ್ಟೋ ದೊಡ್ಡದಾಗಿತ್ತು.

ಆಮೇಲೆ ಧೂಳು. ಆ ಮೈದಾನದಲ್ಲಿ ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೆ ಕೂತೇ ಕೂರುತ್ತಿತ್ತು. ಬಿಳಿ ಆಕಾಶದಲ್ಲಿ ಬೂದು ಚುಕ್ಕಿಗಳು. ಯಲಹಂಕದಲ್ಲಿ ಇನ್ನೊಂದು ಗೊಂದಲ, ಹದ್ದು. ಹದ್ದುಗಳ ಕಾಟಕ್ಕೇ ಪ್ರದರ್ಶನದ ದಿನಗಳಲ್ಲಿ ಸುತ್ತಮುತ್ತ ಮಾಂಸದಂಗಡಿ ಮುಚ್ಚಿಸೋದನ್ನ ಓದಿರುತ್ತೀರಿ. ಚುಕ್ಕಿ ಎಲ್ಲಾ ಫ್ರೇಮಿನಲ್ಲೂ ಅದೇ ಮೂಲೆಯಲ್ಲಿದ್ದರೆ ಧೂಳು, ಜಾಗ ಬದಲಿಸಿದರೆ ಹದ್ದು. ಕಂಪ್ಯೂಟರಿನಲ್ಲಿ ಧೂಳು ಒರೆಸುತ್ತಾ ಕೂತಾಗ ಹದ್ದನ್ನು ಮಾತ್ರ ಬಿಡುತ್ತಿದ್ದೆ, ಅದು ಅಲ್ಲಿ ನಿಜವಾಗಿ ಇತ್ತಲ್ಲ.

ಧೈರ್ಯ ಜಾಸ್ತಿಯಾಗಿದ್ದು ಹೆಲಿಕಾಪ್ಟರ್ ವಿಷಯದಲ್ಲಿ. ಸಾರಂಗ್ ತಂಡದ ಧ್ರುವ್‌ನ ರೆಕ್ಕೆ ನಿಮಿಷಕ್ಕೆ ಸುಮಾರು 300 ಸುತ್ತು ಹೊಡೆಯುತ್ತೆ. 1/1000ರಲ್ಲಿ ತೆಗೆದರೆ ನಾಲ್ಕೂ ರೆಕ್ಕೆ ನಿಂತುಬಿಟ್ಟ ಹಾಗೆ, ದಾರ ಕಟ್ಟಿ ನೇತುಹಾಕಿದ ಆಟಿಕೆ ಥರ ಕಾಣುತ್ತೆ. 1/125ಕ್ಕೆ ಇಳಿಸಿದರೆ ಒಂದೊಂದು ರೆಕ್ಕೆ 14-15 ಡಿಗ್ರಿ ಸರಿದು ತಿರುಗುವಿಕೆ ಕಾಣುತ್ತೆ. 1/60ರಲ್ಲಿ 30 ಡಿಗ್ರಿ, ನೋಡೋಕೆ ಸೊಗಸು, ಆದರೆ 300 ಎಂಎಂ ಲೆನ್ಸ್ ಕೈಯಲ್ಲಿ ಹಿಡಿದು ನಿಂತರೆ ಹತ್ತರಲ್ಲಿ ಒಂಬತ್ತು ಅಲುಗಾಡಿರುತ್ತೆ. ಫಿಲ್ಮ್ ಇದ್ದಿದ್ದರೆ ಆ ಒಂಬತ್ತಕ್ಕೆ ದುಡ್ಡು ಕಟ್ಟೋಕೆ ನನಗೆ ಮನಸ್ಸಾಗುತ್ತಿರಲಿಲ್ಲ. ಡಿ70ಯಲ್ಲಿ ಕೆಟ್ಟದ್ದನ್ನು ಅಳಿಸಿ ಮತ್ತೆ ಹಿಡಿದೆ.

2007ರಲ್ಲಿ ಮಿಗ್-35, ಎಫ್-16, ಸೂಪರ್ ಹಾರ್ನೆಟ್ ಬಂದವು. ನಮ್ಮ ವಾಯುಪಡೆಗೆ ಹೊಸ ಯುದ್ಧವಿಮಾನ ಕೊಳ್ಳುವ ಮಾತು ನಡೆದಿದ್ದ ಕಾಲ, ಎಲ್ಲರೂ ಮೈಮುರಿದು ಹಾರಿಸಿದರು. ಆಗ ಸುತ್ತ ಮುತ್ತ ಫಿಲ್ಮ್ ಕ್ಯಾಮೆರಾ ಹುಡುಕಿದರೂ ಸಿಗುತ್ತಿರಲಿಲ್ಲ. ಆದರೂ ಬಿಸಿಗಾಳಿಗೆ ಯಾವ ಕ್ಯಾಮೆರಾದಲ್ಲೂ ಮದ್ದಿಲ್ಲ. ಹನ್ನೊಂದು ಗಂಟೆಯ ಮೇಲೆ ರನ್‌ವೇ ಮೇಲೆ ಗಾಳಿ ಅಲೆಅಲೆಯಾಗಿ ಕುದಿಯುತ್ತೆ, ಟೇಕಾಫ್ ಫೋಟೋ ಎಲ್ಲ ನೀರಲ್ಲಿ ಅದ್ದಿ ತೆಗೆದ ಹಾಗೆ ಬರುತ್ತೆ. ಟೇಕಾಫ್ ಬೇಕಿದ್ದರೆ ಬೆಳಗ್ಗೆ ಹೋಗಿ. ರೆಕ್ಕೆ ಮೇಲೆ ಬಿಳಿ ಆವಿ ಏಳೋದೂ ಆಗಲೇ, ಮಧ್ಯಾಹ್ನಕ್ಕೆ ಗಾಳಿ ಒಣಗಿಹೋಗಿರುತ್ತೆ.

ಈಗ ಹಳೇ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುತ್ತಿದ್ದೀನಿ. ಪ್ರಿಂಟಿನಲ್ಲಿ ಮಸಿಯಾಗಿದ್ದ ಮಿರಾಜ್ ಹೊಟ್ಟೆಯಡಿ ಪ್ಯಾನೆಲ್ ಗೆರೆಗಳು, ಬಾಲದ ನಂಬರ್ ಎಲ್ಲ ಕಾಣಿಸುತ್ತಿವೆ. ಡಿ70ಯ ರಾ ಫೈಲ್‌ಗಳೂ ಈಗಿನ ಸಾಫ್ಟ್‌ವೇರಿನಲ್ಲಿ ಮೊದಲಿಗಿಂತ ಚೆನ್ನಾಗಿ ಬಿಚ್ಚಿಕೊಳ್ಳುತ್ತವೆ. ಕಾರ್ಡ್ ಉಳಿಸೋಕೆ ಅಂತ ಜೆಪೆಗ್‌ನಲ್ಲಿ ತೆಗೆದವುಗಳ ನೆರಳಿನಲ್ಲಿ ಕೆದಕಿದರೆ ಬರೀ ಚೌಕ ಚೌಕ ಕಲೆ.